ಏಳನೇ ನಂಬರಿನ ಅವ್ವಮ್ಮ

ಎರಡು ಅರ್ಜಿಗಳನ್ನು ಒಂದೇ ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟುಕೊಂಡು ತುಂಬಬಾರದು ಎಂಬ ಬುದ್ಧಿ ಇಸುಬುವಿಗೆ ಬಂದದ್ದು ಎರಡನ್ನೂ ಕಳಿಸಿದ ಮೇಲೆ. ಒಂದು, ಊರಿನಿಂದ ಬರಲಿದ್ದ ಅತ್ತೆಯ ವಿಸಿಟ್ ವೀಸಾದ್ದು. ಇನ್ನೊಂದು, ಒಮಾನಿನಲ್ಲಿ ಅವನು ಗುಮಾಸ್ತನಾಗಿದ್ದ ಕುದುರೆ ಲಾಯಕ್ಕೆ ಹೊಸದಾಗಿ ಬಂದ ಹೆಣ್ಣು ಕುದುರೆಯನ್ನು ಚಳಿಗಾಲದ ರೇಸಿಗೆ ಸೇರಿಸುವುದು. ಎರಡರಲ್ಲೂ ಹೆಸರು, ವಯಸ್ಸು, ಹುಟ್ಟಿದ ದೇಶ, ಮೈಮೇಲಿನ ಗುರುತು ಎಲ್ಲ ಕೇಳಿದ್ದರು. ವೀಸಾ ಸರಿಯಾಗಿಯೇ ಬಂತು. ಕುದುರೆ ಮಾತ್ರ 'ನಜ್ಮಾ' ಆಗುವ ಬದಲು 'ಅವ್ವಮ್ಮ' ಆಗಿ ಬಂತು. ಅವ್ವಮ್ಮ ಎಂದರೆ ಇಸುಬುವಿನ ಅತ್ತೆ.

ಸೀಸನ್ ಮುಗಿಯುವ ತನಕ ಹೆಸರು ಬದಲಿಸುವ ಹಾಗಿಲ್ಲ ಎಂದರು ರೇಸಿನವರು. ಲಾಯದ ಯಜಮಾನರನ್ನು ಎಲ್ಲರೂ ಅರ್ಬಾಬ್ ಎಂದೇ ಕರೆಯುವುದು. ಅವರು ಕಾಗದ ಹಿಡಿದುಕೊಂಡು, "ಅವ್ವಮ್ಮಾ? ಮತ್ಲಬ್ ಕ್ಯಾ?" ಎಂದಾಗ ಕೆಲಸ ಉಳಿಸಿಕೊಳ್ಳುವ ಅವಸರದಲ್ಲಿ ಇಸುಬು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ: ನಮ್ಮ ಭಾಷೆಯಲ್ಲಿ ಹಾಗೆಂದರೆ ಯಾರಿಂದಲೂ ತಡೆಯಲಾಗದ ಗಾಳಿ. ಅರ್ಬಾಬ್ ಗಡ್ಡ ನೀವಿಕೊಂಡು ಖುಷಿಪಟ್ಟರು. ಹಾಗೆ ನೋಡಿದರೆ ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಆ ಗಾಳಿ ಅಲ್ ಹೈಲ್‌ನ ಎರಡು ಕೋಣೆಯ ಫ್ಲ್ಯಾಟಿಗೆ ನುಗ್ಗಿ ಇವತ್ತಿಗೆ ಇಪ್ಪತ್ತೊಂಬತ್ತು ದಿನ. ಮಂಚ ಅತ್ತೆಗೆ, ಸೋಫಾ ಇಸುಬುವಿಗೆ. ಸೋಫಾ ಅವನಿಗಿಂತ ಒಂದು ಗೇಣು ಗಿಡ್ಡ. ಚಹಾದ ಸಕ್ಕರೆ ಅರ್ಧಕ್ಕಿಳಿದಿತ್ತು, ಏಸಿಯ ರಿಮೋಟು ಅತ್ತೆಯ ತಲೆದಿಂಬಿನಡಿ ಸೇರಿತ್ತು. ನಾಳೆ ಮಂಗಳೂರಿನ ವಿಮಾನ. ಪೆರ್ನಾಳ್ ಹಬ್ಬದ ಚಂದ್ರನಿಗೆ ಕಾಯುವವರ ಹಾಗೆ ಇಸುಬು ಆ ನಾಳೆಗೆ ಕಾಯುತ್ತಿದ್ದ.

ಅಷ್ಟರೊಳಗೆ ಕುದುರೆಯ ಸಂಗತಿ ಅತ್ತೆಯ ಕಿವಿಗೆ ಬೀಳಬಾರದು. "ಉಮ್ಮನಿಗೆ ಗೊತ್ತಾದ್ರೆ ನನ್ನ ಕತೆ ಮುಗೀತು. ಅಕ್ಕನದ್ದು ನೆನಪುಂಟಲ್ಲ?" ಎಂದು ಹೆಂಡತಿ ಸೌದ ಮೊದಲೇ ಎಚ್ಚರಿಸಿದ್ದಳು. ಹಿರಿಯ ಅಳಿಯ ಒಮ್ಮೆ, ಮೀನುಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದಿದ್ದ. ಅವ್ವಮ್ಮ ಅದೇ ಸಂಜೆ ಮಗಳನ್ನು ತವರಿಗೆ ಎಳೆದುಕೊಂಡು ಹೋದವರು ವಾಪಸು ಕಳಿಸಿದ್ದು ಎಂಟು ತಿಂಗಳ ಮೇಲೆ. ಉಪ್ಪಿಗೆ ಎಂಟು ತಿಂಗಳಾದರೆ ಕುದುರೆಗೆ ಎಷ್ಟು ವರ್ಷ? ಇಸುಬುವಿಗೆ ಆ ಲೆಕ್ಕ ಮಾಡುವ ಧೈರ್ಯವಿರಲಿಲ್ಲ. ಸೌದಳಿಲ್ಲದ ಮನೆಯನ್ನು ಅವನಿಂದ ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ.

ಇವತ್ತೇ ಶುಕ್ರವಾರ, ಇವತ್ತೇ ನಾಲ್ಕು ಗಂಟೆಗೆ ಬರ್ಕಾದಲ್ಲಿ ಕುದುರೆ ಅವ್ವಮ್ಮನ ಓಟ. ಜುಮಾ ನಮಾಜು ಮುಗಿಸಿ, ಅತ್ತೆ ಮತ್ತು ಸೌದಳನ್ನು ರೂವಿಯ ಅಂಗಡಿಗಳಲ್ಲಿ ಬಿಟ್ಟು ತಾನು ಬರ್ಕಾಕ್ಕೆ ಓಡುವುದು ಇಸುಬುವಿನ ಯೋಜನೆ. ಕಾರು ಹೊರಡುವಾಗ ಮೇಲಿನ ಮನೆಯ ಶ್ರೀನಿವಾಸಮೂರ್ತಿ, "ರೂವಿಗಾ? ನಾನೂ ಬರ್ತೀನಿ ತಡೀರಿ," ಎಂದು ಮುಂದಿನ ಸೀಟಿನಲ್ಲಿ ಕೂತು ಎಲ್ಲರ ಬೆಲ್ಟು ಸರಿಯಾಗಿದೆಯೇ ಎಂದು ಎಳೆದು ನೋಡಿದರು. ಮೈಸೂರಿನವರು, ಒಂದು ಕಂಪನಿಯಲ್ಲಿ ಸೇಫ್ಟಿ ಆಫೀಸರು. ರಜೆಯ ದಿನವೂ ಡ್ಯೂಟಿ ಬಿಟ್ಟವರಲ್ಲ.

ಹೆದ್ದಾರಿಗೆ ಬಂದದ್ದೇ ತಡ, ಫೋನ್ ರಿಂಗಾಯಿತು. ಕಾರು ತಾನಾಗಿಯೇ ಫೋನನ್ನು ಸ್ಪೀಕರಿಗೆ ಹಾಕಿತು.

"ಇಸುಬಾಕ, ಅವ್ವಮ್ಮ ಬೆಳಿಗ್ಗೆಯಿಂದ ಎಂತದೂ ಮುಟ್ಲಿಲ್ಲ," ಎಂದಿತು ಧ್ವನಿ. "ಹತ್ತಿರ ಹೋದ್ರೆ ಒದೀಲಿಕ್ಕೆ ಬರ್ತಾಳೆ."

ಇಸುಬು ಗಾಬರಿಯಲ್ಲಿ ಗುಂಡಿ ಒತ್ತಿದ. ಅದು ಧ್ವನಿ ಏರಿಸುವ ಗುಂಡಿಯಾಗಿತ್ತು.

"ಹೀಗಾದ್ರೆ ಸಂಜೆ ಓಡ್ಲಿಕ್ಕಿಲ್ಲ," ಎಂದು ಇಡೀ ಕಾರು ನಡುಗುವ ಹಾಗೆ ಹೇಳಿ ಫೋನ್ ಕಟ್ಟಾಯಿತು.

ಮೊದಲು ಬಾಯಿಬಿಟ್ಟವರು ಮೂರ್ತಿ. "ಏನ್ರೀ ಇದು, ಸಂಜೆ ಅಮ್ಮನವರನ್ನ ಓಡಿಸ್ತೀರಾ? ಅವರ ಮಂಡಿ ನೋಡಿದೀರಾ?"

"ಯಾರವ?" ಎಂದರು ಹಿಂದಿನಿಂದ ಅವ್ವಮ್ಮ.

"ಸ್ಟ್ಯಾನ್ಲಿ ಅಂತ ಮಾಮಿ, ಲಾಯದಲ್ಲಿ ಕುದುರೆ ನೋಡಿಕೊಳ್ಳುವವ. ನಮ್ಮ ಮೂಡಬಿದ್ರೆಯವನೇ."

"ನಾನು ಬೆಳಿಗ್ಗೆಯಿಂದ ಎಂತದೂ ಮುಟ್ಲಿಲ್ಲ ಅಂತ ಅವನಿಗೆ ಹೇಗೆ ಗೊತ್ತು?"

ವಿಮಾನದ ಹೆದರಿಕೆಗೆ ಅವ್ವಮ್ಮ ನಿಜವಾಗಿಯೂ ಏನೂ ತಿಂದಿರಲಿಲ್ಲ. ಅದನ್ನು ಮಗಳಾಗಲಿ ಅಳಿಯನಾಗಲಿ ಗಮನಿಸಿರಲಿಲ್ಲ.

"ನಿಮ್ಮ ಬಗ್ಗೆ ಅವನಿಗೆ ಭಾರೀ ಚಿಂತೆ ಮಾಮಿ," ಎಂದ ಇಸುಬು.

"ಒದೀಲಿಕ್ಕೆ ಬರ್ತಾಳೆ ಅಂದನಲ್ಲ?"

"ಒದೀಲಿಕ್ಕೆ ಅಲ್ಲ, ಓದ್ಲಿಕ್ಕೆ. ಇಷ್ಟು ವರ್ಷ ಕುದುರೆಗಳ ಜೊತೆ ಇದ್ದು ಅವನ ಕನ್ನಡ ಹಾಳಾಗಿದೆ."

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಈ ಸುಳ್ಳಿಗೆ ನಾಲ್ಕು ಕಾಲಿದ್ದವು. ಮಗುವಿಗೆ ಜ್ವರ ಬರಲಿ, ಆಡು ಮೇವು ಬಿಡಲಿ, ಊರಿನವರು ಅವ್ವಮ್ಮನ ಹತ್ತಿರ ಬರುತ್ತಿದ್ದರು. ಅವರು ಹಣೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಓದಿ ಊದಿದರೆ ವಾಸಿಯಾಗುತ್ತದೆ ಎಂಬ ನಂಬಿಕೆ. ಈಗ ಅವರ ಮುಖ ಮೆಲ್ಲಗೆ ಅರಳಿತು.

"ಓಹೋ. ಹಾಗಾದ್ರೆ ಸಂಜೆ ಓಡ್ಲಿಕ್ಕಿಲ್ಲ ಅಂದದ್ದೂ ಓದ್ಲಿಕ್ಕಿಲ್ಲ ಅಂತ, ಅದೇ ಅವನಿಗೆ ಬೇಜಾರು. ಅಂದ್ರೆ ಪಾಪದವನಿಗೆ ನನ್ನ ಹತ್ತಿರ ಓದಿಸಿಕೊಳ್ಳಬೇಕು, ಕೇಳ್ಲಿಕ್ಕೆ ನಾಚಿಕೆ. ಗಾಡಿ ತಿರುಗಿಸು ಇಸುಬು."

"ಮಾಮಿ, ರೂವಿ..."

"ಗಾಡಿ ತಿರುಗಿಸು."

ಇಸುಬು ತಿರುಗಿಸಿದ. ಇಂಡಿಕೇಟರ್ ಹಾಕಲಿಲ್ಲವೆಂದು ಮೂರ್ತಿ ಬರ್ಕಾ ಬರುವ ತನಕ ಉಪದೇಶ ಮಾಡಿದರು.

ಬರ್ಕಾದ ಮೈದಾನದ್ದು ಆಲ್-ವೆದರ್ ಟ್ರ್ಯಾಕ್, ಯಾವ ಹವೆಗೂ ಜಗ್ಗದ ಮರಳಿನ ಹಾದಿ. ಈ ದೇಶದಲ್ಲಿ ಇರುವುದೇ ಎರಡು ಹವೆ, ಒಂದು ಬೇಸಗೆ, ಇನ್ನೊಂದು ಬೇಸಗೆ ಮುಗಿಯಲಿ ಎಂದು ಕಾಯುವುದು. ಆ ಎರಡನೆಯದು ಮುಗಿದು ತಣ್ಣನೆ ಗಾಳಿ ಬೀಸುವ ಈ ಕೆಲವು ವಾರಗಳಲ್ಲಿಯೇ ರೇಸು. ಇಸುಬು ಕಾರು ನಿಲ್ಲಿಸಿ ಎಲ್ಲರಿಗಿಂತ ಮುಂದೆ ಸ್ಟ್ಯಾನ್ಲಿಯ ಹತ್ತಿರ ಓಡಿದ.

"ಮಾರಾಯ, ಇದನ್ನು ಹೆಸರು ಹಿಡಿದು ಕರೀಬೇಡ."

"ಮತ್ತೆ ಎಂತ ಕರೆಯೋದು?"

"ಬೇಕಾದ್ರೆ ಸ್ಟ್ಯಾನ್ಲಿ ಅಂತ ಕರಿ."

ಕುದುರೆಯ ಬೆನ್ನಿನ ಬಟ್ಟೆಯ ಮೇಲೆ ಏಳನೇ ನಂಬರು, ಅದರಡಿ ದೊಡ್ಡ ಅಕ್ಷರದಲ್ಲಿ ಹೆಸರು. ಇಸುಬು ಅದಕ್ಕೆ ತಲೆಕೆಡಿಸಿಕೊಳ್ಳಲಿಲ್ಲ. ಊರಿನ ಬಸ್ಸಿನ ಬೋರ್ಡನ್ನೂ ಪಕ್ಕದವರ ಹತ್ತಿರ ಕೇಳಿ ಹತ್ತುವ ಹೆಂಗಸು ಅವ್ವಮ್ಮ, ಕನ್ನಡದ ಅಕ್ಷರವೂ ಬಾರದು, ಇಂಗ್ಲಿಷಿನದ್ದೂ ಬಾರದು.

ಅವ್ವಮ್ಮ ನಿಧಾನಕ್ಕೆ ಬಂದರು. ಕುದುರೆಯನ್ನು ಮೇಲಿಂದ ಕೆಳಗೆ ನೋಡಿದರು. "ಹೆಸರೆಂತ ಇದರದ್ದು?"

"ನಜ್ಮಾ," ಎಂದ ಇಸುಬು.

ಅವ್ವಮ್ಮ ಕನ್ನಡಕ ಏರಿಸಿ ಬಟ್ಟೆಯ ಕಡೆ ಬಾಗಿದರು. "ಅಲಿಫ್," ಎಂದರು.

ಅದು ಅರಬ್ಬಿಯ ಮೊದಲ ಅಕ್ಷರ. ಒಂಬತ್ತು ವರ್ಷದಿಂದ ಒಮಾನಿನಲ್ಲಿದ್ದೂ ಇಲ್ಲಿನ ಬೋರ್ಡುಗಳು ಅರಬ್ಬಿಯಲ್ಲಿರುತ್ತವೆ ಎಂಬುದನ್ನು ಅವನು ಮರೆತಿದ್ದ. ಅರವತ್ತು ವರ್ಷದಿಂದ ದಿನಾ ಬೆಳಗಾದರೆ ಕುರ್‌ಆನ್ ಓದುವ ಅತ್ತೆಯನ್ನು ಓದು ಬಾರದವರ ಪಟ್ಟಿಗೆ ಸೇರಿಸಿದ್ದ.

"ವಾವ್. ಮೀಮ್. ಅಲಿಫ್." ಅವ್ವಮ್ಮ ನೆಟ್ಟಗಾದರು. "ಅವ್ವಮ್ಮಾ."

"ನಾನು ಆಗಲೇ ನೋಡಿದೆ, ಇಂಗ್ಲಿಷ್‌ನಲ್ಲೂ ಹಾಗೇ ಇದೆ," ಎಂದರು ಮೂರ್ತಿ.

ಅವ್ವಮ್ಮ ಅಳಿಯನ ಕಡೆ ತಿರುಗಿಯೂ ನೋಡಲಿಲ್ಲ. "ಸೌದಾ, ನನ್ನ ಪೆಟ್ಟಿಗೆಯಲ್ಲಿ ನಿನ್ನ ಬಟ್ಟೆಗೂ ಜಾಗ ಉಂಟು," ಎಂದರು. ಸೌದಳ ಕಣ್ಣು ತುಂಬಿತು.

ಆಗ ಬಂದರು ಅರ್ಬಾಬ್, ಬಿಳಿ ದಿಶ್‌ದಾಶದ ನಿಲುವಂಗಿಯಲ್ಲಿ, ಕೈಯಲ್ಲಿ ಬೆತ್ತ ಹಿಡಿದು. ಹಿರಿಯ ಹೆಂಗಸನ್ನು ಕಂಡು ಸಲಾಂ ಹೇಳಿ, ಯಾರು ಎಂದು ಇಸುಬುವನ್ನು ಕೇಳಿದರು. ಅವನು ಇನ್ನೊಂದು ಸುಳ್ಳು ಹುಡುಕುವಷ್ಟರಲ್ಲಿ ಅವ್ವಮ್ಮನೇ ಕುದುರೆಯ ಬಟ್ಟೆಗೆ ಬೆರಳು ತೋರಿಸಿ, ಆಮೇಲೆ ತಮ್ಮ ಎದೆಗೆ ತೋರಿಸಿ, "ಅವ್ವಮ್ಮ" ಎಂದರು.

ಅರ್ಬಾಬ್ ಒಂದು ಕ್ಷಣ ಕಣ್ಣರಳಿಸಿದರು. ಆಮೇಲೆ ಮೈದಾನಕ್ಕೆಲ್ಲ ಕೇಳುವ ಹಾಗೆ ನಕ್ಕು ಹಿಂದಿಯಲ್ಲಿ ಉದ್ದಕ್ಕೆ ಏನೋ ಹೇಳಿದರು. ಅನುವಾದಕ್ಕೆ ಮೂರ್ತಿ ಮುಂದೆ ಬಂದರು.

"ಅಮ್ಮಾ, ನಿಮ್ಮ ಹೆಸರಿಗೆ 'ಯಾರಿಂದಲೂ ತಡೆಯೋಕಾಗದ ಗಾಳಿ' ಅಂತ ಅರ್ಥ ಅಂತೆ. ನಿಮ್ಮ ಅಳಿಯಂದಿರೇ ಹೇಳಿದ್ದಂತೆ. ಇಂಥ ಹೆಸರು ಸಿಕ್ಕಿದ್ದು ನಮ್ಮ ಲಾಯದ ಪುಣ್ಯ ಅಂತಿದಾರೆ."

ಅವ್ವಮ್ಮ ತಲೆಯ ಮೇಲಿನ ಬಟ್ಟೆಯನ್ನು ಸರಿಮಾಡಿಕೊಂಡರು. ಇಪ್ಪತ್ತೊಂಬತ್ತು ದಿನಗಳಲ್ಲಿ ಮೊದಲ ಸಲ ಅಳಿಯನನ್ನು ಪ್ರೀತಿಯಿಂದ ನೋಡಿದರು.

"ಅದನ್ನು ಮೊದಲೇ ಹೇಳ್ಲಿಕ್ಕೆ ನಿನಗೆಂತ ದಾಡಿ?"

ಆಮೇಲೆ ಅವರು ಕುದುರೆಯ ಎದುರು ಹೋಗಿ ನಿಂತರು. "ಅಮ್ಮಾ, ಹೆಲ್ಮೆಟ್ ಇಲ್ಲದೆ ಹತ್ತಿರ ಹೋಗಬಾರದು," ಎಂದರು ಮೂರ್ತಿ. ಅವ್ವಮ್ಮ ಹೋಗಿಯಾಗಿತ್ತು. ಬೆಳಗಿನಿಂದ ಯಾರನ್ನೂ ಹತ್ತಿರ ಸೇರಿಸದ ಕುದುರೆಯ ಹಣೆಗೆ ಕೈಯಿಟ್ಟು, ಕಣ್ಣುಮುಚ್ಚಿ ಓದಿ, ಮೂರು ಸಲ ಊದಿದರು. ಕೊನೆಗೆ ಕಿವಿಯ ಹತ್ತಿರ, "ನನ್ನ ಹೆಸರಿಟ್ಟುಕೊಂಡು ಹಿಂದೆ ಬಿದ್ದರೆ ಜಾಗ್ರತೆ," ಎಂದರು. ಕುದುರೆ ತಲೆ ತಗ್ಗಿಸಿ ಗೇಟಿನೊಳಗೆ ಹೋಯಿತು.

ಓಟ ಶುರುವಾದಾಗ ಏಳನೇ ನಂಬರು ಎಲ್ಲರಿಗಿಂತ ಹಿಂದೆ. ಅರ್ಧ ದಾರಿಗೆ ಐದನೆಯದು. ಕೊನೆಯ ತಿರುವಿನಲ್ಲಿ ಅದಕ್ಕೆ ಏನು ನೆನಪಾಯಿತೋ, ಬೆಂಕಿ ಬಿದ್ದ ಮನೆಯಿಂದ ಓಡುವವರ ಹಾಗೆ ಓಡಿತು. ಇಸುಬು ಬೇಲಿ ಹತ್ತಿ ನಿಂತು, ಅತ್ತೆ ಪಕ್ಕದಲ್ಲಿದ್ದಾರೆ ಎಂಬುದನ್ನೂ ಮರೆತು, "ಓಡು ಅವ್ವಮ್ಮಾ, ಓಡು!" ಎಂದು ಕಿರುಚಿದ. ಅವನ ಜೊತೆ ಸ್ಟ್ಯಾನ್ಲಿ ಕಿರುಚಿದ, ಸೌದ ಕಿರುಚಿದಳು, ಬೇಲಿ ಹತ್ತಬಾರದು ಎನ್ನುತ್ತಿದ್ದ ಮೂರ್ತಿಯೂ ಹತ್ತಿದರು. ಒಂದು ಕತ್ತಿನ ಅಂತರದಲ್ಲಿ ಗೆಲುವು. ಧ್ವನಿವರ್ಧಕ ಆ ಹೆಸರನ್ನು ಮೂರು ಸಲ ಕೂಗಿತು, ಜನ ಅದನ್ನು ಎತ್ತಿಕೊಂಡು ಕೂಗಿದರು. ಇಸುಬು ಮೂರ್ತಿಯನ್ನು ತಬ್ಬಿಕೊಂಡು ಅತ್ತೇಬಿಟ್ಟ. ಸೌದ ಉಳಿದಳು, ಕೆಲಸ ಉಳಿಯಿತು, ಕುದುರೆ ಗೆದ್ದಿತು, ನಾಳೆ ವಿಮಾನ. ಇಷ್ಟು ಸುಖ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

ಅರ್ಬಾಬ್ ಅವ್ವಮ್ಮನ ಕೈಗೇ ಕಪ್ಪು ಕೊಡಿಸಿದರು. ಯಾವಾಗ ವಾಪಸು ಎಂದು ಕೇಳಿದರು. ಇಸುಬು ಹಿಗ್ಗಿನಿಂದ, "ಕಲ್" ಎಂದ.

"ಕಲ್ ನಹೀ. ಖಲಾಸ್," ಎಂದರು ಅರ್ಬಾಬ್. ವೀಸಾ ಮುಂದುವರಿಸುವುದು ತನ್ನ ಜವಾಬ್ದಾರಿ, ಸೀಸನ್ ಮುಗಿಯುವುದು ಮಾರ್ಚಿನಲ್ಲಿ, ಅಲ್ಲಿಯ ತನಕ ಪ್ರತಿ ಓಟಕ್ಕೂ ಅಮ್ಮ ಬಂದು ಊದಬೇಕು.

"ಊರಲ್ಲಿ ಎಷ್ಟೋ ಜನ ಕಾಯ್ತಾ ಇದ್ದಾರೆ," ಎಂದರು ಅವ್ವಮ್ಮ. "ಆದ್ರೂ ದೊಡ್ಡವರ ಮಾತು ಮೀರ್ಲಿಕ್ಕೆ ಆಗ್ತದಾ?"

ಇಸುಬುವಿನ ಕಣ್ಣ ಮುಂದೆ ಸೋಫಾ ಬಂದು ನಿಂತಿತು.

ಅಷ್ಟಕ್ಕೇ ಮುಗಿಯಲಿಲ್ಲ. ಲಾಯಕ್ಕೆ ಹೋದವಾರ ಒಂದು ಗಂಡು ಕುದುರೆ ಬಂದಿತ್ತು, ಅದಕ್ಕೂ ಒಳ್ಳೆಯ ಹೆಸರನ್ನು ಅಮ್ಮನೇ ಇಡಲಿ ಎಂದರು ಅರ್ಬಾಬ್. ಅದರ ಗುಣವೇನು ಎಂದು ಅವ್ವಮ್ಮ ಕೇಳಿದರು. "ಎಂತ ಗುಣ ಅಮ್ಮಾ," ಎಂದ ಸ್ಟ್ಯಾನ್ಲಿ, "ತಿನ್ಲಿಕ್ಕೆ ಮುಂದೆ, ಓಡ್ಲಿಕ್ಕೆ ಹಿಂದೆ. ಆದ್ರೆ ಪಾಪದ್ದು." ಅವ್ವಮ್ಮ ಅಳಿಯನನ್ನು ಮತ್ತೆ ಪ್ರೀತಿಯಿಂದ ನೋಡಿದರು.

ಸಂಜೆ ಇಸುಬು ಗಿಡ್ಡ ಸೋಫಾದಲ್ಲಿ ಕಾಲು ಮಡಚಿ ಕೂತು, ಈ ಸಲ ಒಂದೇ ಕಾಗದ ತೆರೆದಿಟ್ಟುಕೊಂಡು, ಮುಂದಿನ ವಾರ ಓಡುವ ಕುದುರೆಗಳ ಪಟ್ಟಿ ಟೈಪ್ ಮಾಡಿದ. ಅವ್ವಮ್ಮ: ಗೆಲ್ಲುವ ಸಾಧ್ಯತೆ ಹೆಚ್ಚು. ಇಸುಬು: ಸಾಧ್ಯತೆ ಇಲ್ಲ.

"ಸೌದಾ," ಎಂದು ಒಳಗಿನ ಮಂಚದಿಂದ ಧ್ವನಿ ಬಂತು. "ಓಡಬೇಕಾದರೆ ಇಸುಬುವಿನ ಮೇವು ಸ್ವಲ್ಪ ಕಡಿಮೆ ಮಾಡಬೇಕು."

ಯಾವ ಇಸುಬು ಎಂದು ಉಮ್ಮನನ್ನು ಕೇಳುವ ಧೈರ್ಯ ಸೌದಳಿಗಿರಲಿಲ್ಲ. ಊಟಕ್ಕೆ ಕೂತಾಗ ಇಸುಬುವಿನ ತಟ್ಟೆಯಲ್ಲಿ ಎಂದಿನ ಆರು ಪತ್ತಿರಿ ರೊಟ್ಟಿಯ ಬದಲು ಮೂರಿದ್ದವು.