ನಾನು ‘ಆತು’ ಅಂದದ್ದು ಮಂಕಾಳಿಗೆ

ಎದುರಿಗೆ ಕೂತವರಿಗೆ ‘ಆಗುವುದಿಲ್ಲ’ ಎಂದು ಹೇಳುವ ಧೈರ್ಯವನ್ನು ದೇವರು ನನಗೆ ಕೊಟ್ಟಿಲ್ಲ. ವಿಮೆ ಮಾಡಿಸಲು ಬಂದವರಿಗೆ, ಯಕ್ಷಗಾನದ ಆಟದ ಟಿಕೆಟ್ ಹಿಡಿದು ಬಂದವರಿಗೆ, ಭಟ್ಕಳದಲ್ಲಿರುವ ತಮ್ಮ ಅಳಿಯನ ಅಂಗಡಿಯ ಕಂಪ್ಯೂಟರನ್ನು ಒಂದು ಗಳಿಗೆ ನೋಡಿಕೊಂಡು ಬಾ ಎನ್ನುವವರಿಗೆ, ಎಲ್ಲರಿಗೂ ನಾನು ಹೇಳುವುದು ಒಂದೇ ಮಾತು: ‘ಆತು’. ನಮ್ಮ ಕುಮಟಾ ಕಡೆ ಈ ಎರಡಕ್ಷರ ಮಾಡದ ಕೆಲಸವಿಲ್ಲ. ಕೆಲಸ ಮುಗಿಯಿತು ಎನ್ನಲೂ ಆತು, ಒಪ್ಪಿದೆ ಎನ್ನಲೂ ಆತು, ಬರೀ ಕೇಳಿಸಿತು ಎನ್ನಲೂ ಆತು, ಇನ್ನು ತಾವು ಹೊರಡಬಹುದು ಎನ್ನಲೂ ಆತು. ಫೋನು ಇಡುವ ಮುಂಚೆ ಎರಡೂ ಕಡೆಯವರು ನಾಲ್ಕಾರು ಸಲ ‘ಆತು ಆತು’ ಎನ್ನದಿದ್ದರೆ ಯಾರೋ ಸಿಟ್ಟು ಮಾಡಿಕೊಂಡಿದ್ದಾರೆ ಎಂದೇ ತಿಳಿಯಬೇಕು. ಇಂಥ ನಾನು ಹೊಟ್ಟೆಪಾಡಿಗೆ ಹಿಡಿದ ಉದ್ಯೋಗ ಯಾವುದೆಂದರೆ, ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿ ‘ಇದು ಆಗುವುದಿಲ್ಲ’ ಎನ್ನುವುದು. ಅದನ್ನೆಲ್ಲ ಬರೆದು ಹೇಳುವುದರಿಂದ ಹೇಗೋ ಇಷ್ಟು ವರ್ಷ ನಡೆದುಕೊಂಡು ಬಂದಿದೆ. ಕೀಬೋರ್ಡಿನ ಮುಂದೆ ನಾನು ಬಹಳ ಜೋರಿನ ಮನುಷ್ಯ.

ಕೆಲಸ ಏನೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಮೂಡಿಸುವುದಕ್ಕೆಂದೇ ಒಳಗೆ ಒಂದು ಚಿಪ್ಪು ಇರುತ್ತದೆ. ಅದು ಎಷ್ಟು ದುಡಿಯುತ್ತಿದೆ, ಎಷ್ಟು ಹೊತ್ತು ಸುಮ್ಮನೆ ಕೂತಿದೆ ಎಂದು ಎಣಿಸುವ ಪುಟ್ಟ ಪುಟ್ಟ ಕೌಂಟರುಗಳು ಅದರ ಹೊಟ್ಟೆಯಲ್ಲೇ ಇವೆ. ಆ ಕೌಂಟರುಗಳನ್ನು ಓದಿ ಹೇಳುವುದು ಡ್ರೈವರ್ ಎಂಬ ತಂತ್ರಾಂಶದ ಕೆಲಸ. ಆ ಡ್ರೈವರ್ ಕರ್ನಲ್ಲಿನಲ್ಲಿ, ಅಂದರೆ ಇಡೀ ಯಂತ್ರವನ್ನು ನಡೆಸುವ ಮೂಲ ಭಾಗದಲ್ಲಿ, ಸೇರಿಕೊಂಡಿರುತ್ತದೆ. ಪ್ರಪಂಚದ ಯಾರು ಬೇಕಾದರೂ ಅದಕ್ಕೆ ತಿದ್ದುಪಡಿ ಬರೆದು ಎಲ್ಲರೂ ಓದುವ ಮೇಲಿಂಗ್ ಲಿಸ್ಟಿಗೆ ಕಳಿಸಬಹುದು. ಈ ತಿದ್ದುಪಡಿಗೆ ಪ್ಯಾಚ್ ಎನ್ನುತ್ತಾರೆ. ನಾನು ಕುಮಟಾದ ನನ್ನ ಮನೆಯ ಮಾಳಿಗೆಯಲ್ಲಿ ಕೂತು ಅಂಥ ಪ್ಯಾಚುಗಳನ್ನು ಓದುತ್ತೇನೆ, ಸರಿ ಇದ್ದರೆ ‘ಪರಿಶೀಲಿಸಿದವರು’ ಎಂದು ನನ್ನ ಹೆಸರಿನ ಒಂದು ಸಾಲು ಕೊಡುತ್ತೇನೆ. ಆ ಸಾಲು ಪ್ಯಾಚಿನ ಜೊತೆಗೆ ಶಾಶ್ವತವಾಗಿ ಉಳಿಯುತ್ತದೆ. ಹೆಂಡತಿ ಸುಮನಾ ಬಾಡ ಎಂಬ ಊರಿನ ಹೈಸ್ಕೂಲಿನಲ್ಲಿ ಕಲಿಸುತ್ತಾಳೆ, ಕಷ್ಟದ್ದನ್ನು ಸುಲಭ ಮಾಡಿ ಹೇಳುವುದು ಅವಳಿಗೆ ಅಭ್ಯಾಸ. ನನ್ನ ಉದ್ಯೋಗವನ್ನು ಆಕೆ ‘ಮೀಟರ್ ರೀಡಿಂಗು’ ಎಂದು ಮುಗಿಸಿಬಿಡುತ್ತಾಳೆ. ಅದನ್ನು ಕೇಳಿದ ಪಕ್ಕದ ಮನೆಯ ಅಜ್ಜಿ ತಮ್ಮ ಮನೆಯ ಕರೆಂಟಿನ ಮೀಟರು ವಿಪರೀತ ಓಡುತ್ತದೆ, ಬಂದು ನೋಡು ಎಂದು ವರ್ಷದಿಂದ ಹೇಳುತ್ತಿದ್ದಾರೆ. ನಾನು ಆತು ಎಂದಿದ್ದೇನೆ.

ಹೀಗೆ ಸುಖವಾಗಿದ್ದ ನನಗೆ ಒಂದು ಬೆಳಿಗ್ಗೆ ಲಿಸ್ಟಿನಲ್ಲಿ ಪ್ರಭು ಸರ್ ಹೆಸರು ಕಂಡಿತು. ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಕಲಿಸಿದವರು, ನಿವೃತ್ತರಾಗಿ ಹೊನ್ನಾವರದ ತಮ್ಮ ಮನೆಯಲ್ಲಿ ಇರುವವರು. ಅವರ ಪ್ರಯೋಗಾಲಯ ಎಂದರೆ ನಮಗೆಲ್ಲ ಹೆದರಿಕೆ. ಅಳತೆಯ ವಿಷಯದಲ್ಲಿ ಅವರದು ಮಡಿವಂತಿಕೆ. ಅಳೆಯುವವನು ಅಳೆಯುವ ವಸ್ತುವನ್ನು ಕದಲಿಸಬಾರದು ಎಂಬುದು ಅವರ ಮಂತ್ರ. ಲೋಲಕ ತೂಗಾಡುವಾಗ ಹತ್ತಿರ ನಿಂತು ಜೋರಾಗಿ ಉಸಿರು ಬಿಟ್ಟೆನೆಂದು ನನ್ನನ್ನು ಒಮ್ಮೆ ಹೊರಗೆ ನಿಲ್ಲಿಸಿದ್ದರು. ನನ್ನ ರೆಕಾರ್ಡ್ ಪುಸ್ತಕದಲ್ಲಿ ನನ್ನ ನೀಲಿ ಶಾಯಿಗಿಂತ ಅವರ ಕೆಂಪು ಶಾಯಿಯೇ ಹೆಚ್ಚಾಗಿತ್ತು. ಅಂಥವರು ಎಪ್ಪತ್ತು ದಾಟಿದ ಮೇಲೆ ಪ್ರೋಗ್ರಾಮಿಂಗ್ ಕಲಿತು, ತಮ್ಮ ಹಳೆಯ ಲ್ಯಾಪ್‌ಟಾಪು ಸುಮ್ಮನಿದ್ದಾಗಲೂ ಬಿಸಿಯಾಗುವುದೇಕೆ ಎಂದು ಪತ್ತೆ ಹಚ್ಚಲು ಹೊರಟು, ಆ ಚಿಪ್ಪಿನ ಇನ್ನಷ್ಟು ಕೌಂಟರುಗಳನ್ನು ಓದುವ ನಾನೂರು ಸಾಲಿನ ಪ್ಯಾಚು ಬರೆದಿದ್ದರು. ಆ ಭಾಗದ ಪ್ಯಾಚುಗಳನ್ನು ಓದಬೇಕಾದವನು ನಾನು.

ನಾನು ಆ ಪತ್ರವನ್ನು ತೆರೆದೆ, ಹೆಸರು ನೋಡಿದೆ, ಮುಚ್ಚಿದೆ. ಮರುದಿನ ಮತ್ತೆ ತೆರೆದು ಮುಚ್ಚಿದೆ. ಅವರ ಬರಹದಲ್ಲಿ ತಪ್ಪು ಸಿಕ್ಕಿದರೆ ಏನು ಗತಿ ಎಂಬ ಹೆದರಿಕೆ ಒಂದು ಕಡೆ, ಸಿಗದಿದ್ದರೆ ನಾನು ಸರಿಯಾಗಿ ಓದಿಲ್ಲ ಎಂದು ಅವರೇ ಕಂಡುಹಿಡಿಯುತ್ತಾರೆ ಎಂಬ ಹೆದರಿಕೆ ಇನ್ನೊಂದು ಕಡೆ. ಹೀಗೆ ಎರಡು ವಾರ ಕಳೆಯಿತು. ಈ ಮಧ್ಯೆ ಬೇರೆಯವರ ಏಳು ಪ್ಯಾಚುಗಳನ್ನು ಓದಿ, ಏಳಕ್ಕೂ ವಿಪರೀತ ಕಟುವಾಗಿ ಬರೆದೆ. ಪಾಪ, ಅವರೇನು ಮಾಡಿದ್ದರು?

ಆಮೇಲೆ ಒಂದು ಬುಧವಾರ ನಾನು ಮೀನುಪೇಟೆಯಲ್ಲಿದ್ದೆ. ಸುಮನಾ ಬೆಳಿಗ್ಗೆ ಬಸ್ಸು ಹಿಡಿಯುವುದರಿಂದ ಮೀನು ತರುವುದು ನನ್ನ ಪಾಲಿನ ಕೆಲಸ. ಖಾಯಂ ಆಗಿ ನಮಗೆ ಮೀನು ಕೊಡುವ ಮಂಕಾಳಿ ಆ ದಿನ ಒಳ್ಳೆಯ ಬಂಗಡೆ ಹಿಡಿದು ಕೂತಿದ್ದಳು. ನಾನು ಬಗ್ಗಿ ಕಿವಿರು ಎತ್ತಿ ನೋಡುತ್ತಿರುವಾಗ ಫೋನು ಬಂತು. ಪ್ರಭು ಸರ್. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೆ. ಅವರು ತಮ್ಮ ಪ್ಯಾಚನ್ನು ಮೊದಲಿನಿಂದ ವಿವರಿಸತೊಡಗಿದರು. ಕೌಂಟರು ತುಂಬಿ ಸೊನ್ನೆಗೆ ಮರಳಿದರೆ ಏನು ಮಾಡಿದ್ದೇನೆ, ಓದುವಾಗ ವಿಫಲವಾದರೆ ಎಲ್ಲಿಂದ ಹಿಂದಿರುಗುತ್ತೇನೆ ಎಂದು ತರಗತಿಯ ಅದೇ ಧಾಟಿಯಲ್ಲಿ ಹೇಳುತ್ತಾ ಹೋದರು. ಸುತ್ತಲೂ ಗದ್ದಲ. ಕೊನೆಗೆ ಅವರು, ‘ಹಂಗಾರೆ ಇದು ಆತನೋ?’ ಎಂದು ಕೇಳಿದರು. ಅದೇ ಹೊತ್ತಿಗೆ ಮಂಕಾಳಿ ಕತ್ತಿಯನ್ನೆತ್ತಿ, ‘ತಲೆ ತೆಗ್ದೇ ಕೊಡ್ತೆ, ಆತನ್ರಾ?’ ಎಂದು ಕೇಳಿದಳು.

‘ಆತು’ ಎಂದೆ.

ನಾನು ಹೇಳಿದ್ದು ಮಂಕಾಳಿಗೆ. ಬಂಗಡೆಯ ತಲೆಯ ಬಗ್ಗೆ. ಸರ್ ಬಹಳ ಸಂತೋಷದಿಂದ ತಾವೂ ನಾಲ್ಕು ಸಲ ಆತು ಎಂದು ಫೋನು ಇಟ್ಟರು. ಸದ್ಯ ಬಚಾವಾದೆ ಎಂದುಕೊಂಡು ನಾನು ಚೀಲ ಹಿಡಿದು ಮನೆಗೆ ಬಂದೆ.

ಮರುದಿನ ಲಿಸ್ಟಿನಲ್ಲಿ ಅವರ ಪ್ಯಾಚಿನ ಎರಡನೇ ಆವೃತ್ತಿ ಬಂತು. ಕೆಳಗೆ, ‘ಪರಿಶೀಲಿಸಿದವರು’ ಎಂಬಲ್ಲಿ, ನನ್ನ ಪೂರ್ತಿ ಹೆಸರು, ತಂದೆಯ ಹೆಸರಿನ ಮೊದಲಕ್ಷರವೂ ಬಿಡದೆ. ಪ್ಯಾಚುಗಳನ್ನು ಒಟ್ಟು ಮಾಡಿ ಒಳಗೆ ಸೇರಿಸುವ ಮೇಂಟೇನರ್ ಒಬ್ಬಳು ಜರ್ಮನಿಯಲ್ಲಿದ್ದಾಳೆ, ಬಹಳ ಚುರುಕು. ವಿಠ್ಠಲ್, ಅಂದರೆ ನಾನು, ಓದಿ ಒಪ್ಪಿದ್ದರೆ ಸೋಮವಾರ ಸೇರಿಸುತ್ತೇನೆ ಎಂದು ಆಕೆ ಆಗಲೇ ಉತ್ತರ ಬರೆದಾಗಿತ್ತು. ನಾನು ಸುಮ್ಮನಿದ್ದರೆ, ಒಂದು ಸಾಲೂ ಓದದ ಕೋಡು ನನ್ನ ಹೆಸರಿನ ಭರವಸೆಯ ಮೇಲೆ ಊರೂರಿನ ಕಂಪ್ಯೂಟರುಗಳಿಗೆ ಹೋಗುತ್ತದೆ. ಓದಿಲ್ಲ ಎಂದರೆ, ನನ್ನ ಗುರುಗಳು ಇಲ್ಲದ ಒಪ್ಪಿಗೆಯನ್ನು ತಾವೇ ಬರೆದುಕೊಂಡರು ಎಂದು ಇಡೀ ಪ್ರಪಂಚದ ಮುಂದೆ ಸಾರಿದಂತೆ. ಅವರ ಮೊದಲ ಪ್ಯಾಚು ಅದು. ಸುಮನಾಳಿಗೆ ಹೇಳಿದೆ. ಬಂಗಡೆ ತಲೆಯನ್ನು ಯಾರು ತೆಗೆಸಲು ಹೇಳಿದ್ದು, ಸಾರಿಗೆ ರುಚಿ ಬರುವುದೇ ಅದರಿಂದ ಎಂದಳು. ಆಮೇಲೆ, ಮೊದಲು ಕೂತು ಓದಿ, ಅಳುವುದು ಅನಂತರ ನೋಡೋಣ ಎಂದಳು.

ಓದಿದೆ. ಎರಡು ದಿನ ಓದಿದೆ. ಏನು ಹೇಳಲಿ, ಅಷ್ಟು ಚೊಕ್ಕವಾದ ಕೋಡು ನಾನು ಈಚೆಗೆ ನೋಡಿರಲಿಲ್ಲ. ಒಂದೊಂದು ಸಾಲಿಗೂ ಕಾರಣವಿತ್ತು. ಹೆಮ್ಮೆಯಿಂದ ಎದೆಯುಬ್ಬಿಸಿಕೊಂಡೇ ಓದುತ್ತಿದ್ದವನು ಮುನ್ನೂರಹನ್ನೊಂದನೇ ಸಾಲಿನಲ್ಲಿ ನಿಂತೆ. ಈ ಚಿಪ್ಪು ಕೆಲಸವಿಲ್ಲದಾಗ ನಿದ್ದೆ ಹೋಗುತ್ತದೆ. ಕೌಂಟರು ಓದಬೇಕಾದರೆ ಎಬ್ಬಿಸಬೇಕು, ಓದಿ ಮತ್ತೆ ಮಲಗಿಸಬೇಕು. ಸರ್ ಎಬ್ಬಿಸಿದ್ದರು, ಓದಿದ್ದರು, ಮಲಗಿಸಿದ್ದರು. ಆದರೆ ಕೇಳಿದ ಕೌಂಟರು ಆ ಚಿಪ್ಪಿನಲ್ಲಿ ಇಲ್ಲದೇ ಹೋದರೆ ಮಾತ್ರ, ‘ಇಲ್ಲ’ ಎಂದು ಅಲ್ಲಿಂದಲೇ ಹಿಂದಿರುಗಿಬಿಡುತ್ತಿದ್ದರು, ಮಲಗಿಸುತ್ತಿರಲಿಲ್ಲ. ನಿದ್ದೆ ಬಂತೇ ಎಂದು ಕೇಳಲು ಮಗುವನ್ನು ಎಬ್ಬಿಸಿ ಕೂರಿಸಿ, ತಾವು ಎದ್ದು ಹೋದ ಹಾಗೆ. ಚಿಪ್ಪು ಆಮೇಲೆ ಎಚ್ಚರವಾಗಿಯೇ ಇರುತ್ತದೆ, ಬ್ಯಾಟರಿ ಖಾಲಿಯಾಗುತ್ತದೆ. ಅಳೆಯುವವನೇ ಕದಲಿಸಿದ್ದ.

ಇದನ್ನು ಫೋನಿನಲ್ಲಿ ಹೇಳಿದರೆ ಮತ್ತೆ ಎಲ್ಲಿ ಆತು ಎಂದುಬಿಡುತ್ತೇನೋ ಎಂದು, ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ ಹೊನ್ನಾವರಕ್ಕೇ ಹೋದೆ. ದಾರಿಯುದ್ದಕ್ಕೂ ಮೊದಲ ವಾಕ್ಯ ಬಾಯಿಪಾಠ ಮಾಡಿದೆ. ಸರ್ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡರು. ಒಳಗೆ ತಿರುಗಿ ಹೆಂಡತಿಗೆ ಕೊಂಕಣಿಯಲ್ಲಿ ಏನೋ ಹೇಳಿದರು, ಅದರಲ್ಲಿ ನನ್ನ ಹೆಸರೂ ‘ಪಾಸ್’ ಎಂಬ ಶಬ್ದವೂ ಇತ್ತು. ತಮ್ಮನ್ನು ನಾನು ಪಾಸು ಮಾಡಿದೆ ಎಂದು ಅವರು ಮನೆಯಲ್ಲಿ ಹೇಳಿಕೊಂಡಿದ್ದರು. ಅಮ್ಮನವರು ಮುರುಗಲ ಹಣ್ಣಿನ ಪಾನಕ ತಂದು, ನಾಲ್ಕು ದಿನದಿಂದ ಇವರ ನಡಿಗೆಯೇ ಬದಲಾಗಿದೆ ನೋಡು ಎಂದರು. ನನ್ನ ಬಾಯಿಪಾಠ ಪಾನಕದ ಜೊತೆಗೇ ಇಳಿದು ಹೋಯಿತು.

ಲೋಟ ಖಾಲಿಯಾದ ಮೇಲೆ ಬೇರೆ ದಾರಿ ಇರಲಿಲ್ಲ. ‘ಸರ್, ನಾನು ಆತು ಹೇಳಿದ್ದು ನಿಮಗಲ್ಲ, ಮೀನು ಮಂಕಾಳಿಗೆ’ ಎಂದೆ.

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಮೀನುಪೇಟೆ, ಗದ್ದಲ, ಕತ್ತಿ ಎಲ್ಲವನ್ನೂ ವಿವರಿಸಿದೆ. ಅವರು ನಗಲಿಲ್ಲ. ‘ಹಂಗಾರೆ ನೀ ಓದ್ಲೇ ಇಲ್ಲ’ ಎಂದರು, ಮೆತ್ತಗೆ. ಪ್ರಯೋಗಾಲಯದಲ್ಲಿ ಅವರು ಗದರಿದಾಗಲೂ ನನಗೆ ಅಷ್ಟು ನೋವಾಗಿರಲಿಲ್ಲ. ಈಗ ಓದಿದ್ದೇನೆ ಸರ್, ಎರಡು ದಿನ ಓದಿದ್ದೇನೆ, ಬಹಳ ಚೆನ್ನಾಗಿದೆ ಎಂದೆಲ್ಲ ಬಡಬಡಿಸಿ, ಕೊನೆಗೆ ಆ ಮುನ್ನೂರಹನ್ನೊಂದನೇ ಸಾಲನ್ನು ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು. ಬೆರಳಿಟ್ಟು ಮೇಲಿನಿಂದ ಕೆಳಗೆ ಎರಡು ಸಲ ಬಂದರು. ತಪ್ಪು ಹೌದು ಎಂದು ಒಪ್ಪಿಕೊಂಡರು. ಆಮೇಲೆ ಎದ್ದು ಒಳಗೆ ಹೋಗಿ, ಮುದ್ರಿಸಿ ದಾರದಿಂದ ಹೊಲಿದ ಇನ್ನೊಂದು ಕಟ್ಟು ತಂದು ನನ್ನ ಮುಂದಿಟ್ಟರು. ಅದು ಅದೇ ಡ್ರೈವರಿನ ಹಳೆಯ ಭಾಗ, ಅವರು ಮಾದರಿಯಾಗಿ ಇಟ್ಟುಕೊಂಡದ್ದು. ಅಲ್ಲೂ ಎಬ್ಬಿಸಿ, ಕೌಂಟರು ಇಲ್ಲದಿದ್ದರೆ ಮಲಗಿಸದೆ ಹಿಂದಿರುಗಿದ್ದಾರೆ. ಅದೇ ತಪ್ಪು, ಅದೇ ಜಾಗ. ಮೇಲೆ ಬರೆದವನ ಹೆಸರಿತ್ತು. ನಾನು.

‘ನೀ ಬರ್ದದ್ದು ಅಂದ್ಕಂಡು ನಾ ಅದನ್ನ ಪರೀಕ್ಷೆ ಮಾಡ್ಲೇ ಇಲ್ಲ. ನೋಡ್ಕಂಡು ಹಂಗೇ ಬರ್ದೆ’ ಎಂದರು ಸರ್.

ನಾಲ್ಕು ವರ್ಷದ ಹಿಂದೆ ನಾನೇ ಬರೆದದ್ದು. ಅವರು ನನ್ನನ್ನು ನಂಬಿ ನಕಲು ಮಾಡಿದ್ದರು. ಜೀವಮಾನವಿಡೀ ನಕಲು ಮಾಡುವವರನ್ನು ಹಿಡಿದವರು. ಅವರು ಮೇಜಿನ ಮೇಲಿದ್ದ ತಮ್ಮ ಲ್ಯಾಪ್‌ಟಾಪನ್ನು ಅಂಗೈಯಿಂದ ಮುಟ್ಟಿ ನೋಡಿದರು. ಹಾಗಾದರೆ ಇದು ಇಷ್ಟು ದಿನ ಬಿಸಿಯಾಗುತ್ತಿದ್ದುದು ನಿನ್ನಿಂದಲೇ ಅಲ್ಲವೋ ಎಂದು ಕೇಳಿದರು. ಹೌದು ಎಂದೆ. ಆಗ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವಷ್ಟು. ಒಳಗಿನಿಂದ ಅಮ್ಮನವರು ಓಡಿ ಬಂದರು. ನನಗೆ ನಾಚಿಕೆಯೂ ಆಯಿತು, ಈ ಮನುಷ್ಯನ ಮೇಲೆ ಹೇಳಲಾರದಷ್ಟು ಪ್ರೀತಿಯೂ ಉಕ್ಕಿತು. ಎರಡೂ ಒಟ್ಟಿಗೆ ಬಂದರೆ ಮುಖ ಹೇಗೆ ಇಟ್ಟುಕೊಳ್ಳಬೇಕೆಂದು ಯಾರೂ ಕಲಿಸಿಲ್ಲವಾದ್ದರಿಂದ ಇನ್ನೊಂದು ಲೋಟ ಪಾನಕ ಕೇಳಿದೆ.

ಲಿಸ್ಟಿಗೆ ನಾನೇ ಬರೆಯುತ್ತೇನೆ, ತಪ್ಪು ನನ್ನದು ಎಂದು ಹೇಳಿ ಹೊರಟೆ. ಬಸ್ಸು ಹಳದೀಪುರ ದಾಟುವ ಮೊದಲೇ ಫೋನಿನಲ್ಲಿ ಅವರ ಪತ್ರ ಬಂದಿತ್ತು. ಪರಿಶೀಲಿಸಿದವರ ಸಾಲನ್ನು ತೆಗೆಯಬೇಕು, ದೂರವಾಣಿಯಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲ, ವಯಸ್ಸಾಯಿತು, ಕ್ಷಮಿಸಿ ಎಂದು ಬರೆದಿದ್ದರು. ಅವರ ಕಿವಿ ಇಂದಿಗೂ ಪಕ್ಕದ ಕೋಣೆಯ ಪಿಸುಮಾತು ಹಿಡಿಯುತ್ತದೆ. ನನ್ನ ಹಳೆಯ ತಪ್ಪಿನ ಬಗ್ಗೆ ಒಂದು ಶಬ್ದವೂ ಅಲ್ಲಿರಲಿಲ್ಲ. ಅದನ್ನು ಹೇಳಬೇಕಾದವನು ನಾನು ಎಂದು ಬಿಟ್ಟುಕೊಟ್ಟಿದ್ದರು.

ಹೇಳಿದೆ. ಭಾನುವಾರವೇ ಮೂರು ಸಾಲಿನ ತಿದ್ದುಪಡಿ ಬರೆದೆ. ಇಂಥವನ ಇಂಥ ತಪ್ಪನ್ನು ಸರಿಪಡಿಸುತ್ತದೆ ಎಂದು ನಮೂದಿಸುವ ಕ್ರಮವಿದೆ, ಅಲ್ಲಿ ನನ್ನ ಹೆಸರನ್ನೇ ಹಾಕಿದೆ. ತಪ್ಪನ್ನು ತೋರಿಸಿಕೊಟ್ಟವರು ಎಂಬಲ್ಲಿ ಅವರ ಹೆಸರು ಹಾಕಿದೆ. ಮೇಂಟೇನರ್ ಅದನ್ನು ನೋಡಿ ಚೆನ್ನಾಗಿದೆ ಎಂದಳು, ಆದರೆ ಪ್ರಭು ಅವರು ಓದಿ ಒಪ್ಪಲಿ, ಆಮೇಲೆ ಸೇರಿಸೋಣ ಎಂದು ಕಾಯುತ್ತಾ ಕೂತಳು. ನನಗೆ ಚಿಂತೆ ಇರಲಿಲ್ಲ. ಇಷ್ಟು ವರ್ಷದ ಅನುಭವ, ಬರೀ ಮೂರು ಸಾಲು.

ನಿನ್ನೆ ಸಂಜೆ ಸರ್ ಉತ್ತರ ಬಂತು, ಎಲ್ಲರೂ ಓದುವ ಅದೇ ಲಿಸ್ಟಿನಲ್ಲಿ. ಕೋಡು ಸರಿಯಿದೆ. ಆದರೆ ವಿವರಣೆಯಲ್ಲಿ ಏನು ತಪ್ಪಾಯಿತೆಂದು ಬರೆದಿದೆ, ಏಕೆ ತಪ್ಪಾಯಿತೆಂದು ಬರೆದಿಲ್ಲ. ‘ಕಣ್ತಪ್ಪು’ ಎಂಬುದು ಕಾರಣವಲ್ಲ. ಅಲ್ಪವಿರಾಮ ಎರಡು ಕಡೆ ಬಿಟ್ಟಿದೆ. ಇನ್ನೊಮ್ಮೆ ಬರೆದು ಕಳಿಸತಕ್ಕದ್ದು. ನಾನು ಕೊನೆಯ ಸಾಲಿನವರೆಗೂ ಓದಿದೆ. ಶಾಲೆಯಿಂದ ಬಂದ ಸುಮನಾ ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತಳು.

‘ಎಂತಕ್ಕೆ ಹಂಗೆ ಎದ್ದು ನಿತ್ಕಂಡ್ರಿ?’ ಎಂದಳು.

ನೋಡಿಕೊಂಡೆ. ಹೌದು. ನಲವತ್ತೊಂಬತ್ತು ವರ್ಷದ ನಾನು, ನನ್ನ ಸ್ವಂತ ಮನೆಯಲ್ಲಿ, ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಎತ್ತಿ ಕಟ್ಟಿದ್ದ ಲುಂಗಿಯನ್ನು ಇಳಿಬಿಟ್ಟು, ಪರದೆಯ ಮುಂದೆ ಕೈಕಟ್ಟಿ ನಿಂತಿದ್ದೆ. ಚಹಾ ಆರುತ್ತದೆ, ಕೂತುಕೊಳ್ಳಿ ಎಂದು ಅವಳು ಎರಡು ಸಲ ಹೇಳಿದಳು. ನಾನು ಸರ್ ಪತ್ರವನ್ನು ಮತ್ತೊಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿದೆ. ಕೂತುಕೋ ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ.