ಮನಿಯ ಟೇಬಲ್ ಮ್ಯಾಲ

ಬೈಲಹೊಂಗಲದ ಪ್ಯಾಟಿಯೊಳಗ, ಅರಿವಿ ಅಂಗಡಿ ಮ್ಯಾಲಿನ ಮಾಳಿಗಿಯಾಗ ನಮ್ಮ ಎಂ.ಪಿ. ಸಾಹೇಬರ ಕಚೇರಿ ಅದ. ಸಾಹೇಬರು ದಿಲ್ಲಿಯೊಳಗ, ನಾವು ಇಲ್ಲೆ. ಮಂದಿ ಕನ್ನಡದಾಗ ಹೇಳಿದ್ದನ್ನ ಇಂಗ್ಲಿಷ್‌ಗೆ ಮಾಡೂದು, ದಿಲ್ಲಿಯಿಂದ ಇಂಗ್ಲಿಷ್‌ನಾಗ ಬಂದದ್ದನ್ನ ಕನ್ನಡಕ್ಕ ಮಾಡೂದು, ಇಷ್ಟ ನನ್ನ ಕೆಲಸ. ನಮ್ಮಜ್ಜ, ನಮ್ಮಪ್ಪ ಗುಡಿಯೊಳಗ ಪುರಾಣ ಹೇಳಿದರು, ನಾ ಸರಕಾರದ ಪುರಾಣ ಹೇಳತೇನಿ. ಎರಡು ಭಾಷಾ ಕೂಡೂ ಕಡೆ ನಗೂವಂಥಾದ್ದು ದಿನಾ ಒಂದ ನಡೀತದ. ನಕ್ಕ ಮ್ಯಾಲೆ ಯಾಕರೆ ನಕ್ಕೆನೋ ಅನಸೂವಂಥಾದ್ದೂ ಇದರಾಗ ಅದ. ಅದನ್ನ ಮೊದಲ ಹೇಳಿಬಿಡತೇನಿ.

ಪುರ ಮತ್ತು ಲೋಕ

ಒಬ್ಬ ಕಾಳಿನ ವ್ಯಾಪಾರಿ ತೇಕಕೋತ ಮಾಳಿಗಿ ಹತ್ತಿ ಬಂದರು. ಅಂಗಡಿ ಮುಂದಿನ ಗಟಾರ ಕಟಗೊಂಡದ, ಪಾರ್ಲಿಮೆಂಟಿನಾಗ ಮಾತಾಡಸ್ರಿ ಅಂದರು.

"ಸಾವಕಾರ್ರ, ಗಟಾರ ಪುರಸಭೆಯವರ ಕೆಲಸ. ಇದು ಲೋಕಸಭೆ. ಅಲ್ಲೆ ದೇಶಕ್ಕ ಕಾಯ್ದೆ ಮಾಡತಾರ, ಸರಕಾರಕ್ಕ ಪ್ರಶ್ನೆ ಕೇಳತಾರ, ಬಜೆಟ್ ಪಾಸ್ ಮಾಡತಾರ."

"ಪುರ ದೊಡ್ಡದೋ, ಲೋಕ ದೊಡ್ಡದೋ?"

"ಲೋಕ."

"ಬೈಲಹೊಂಗಲ ಲೋಕದಾಗ ಐತೋ ಇಲ್ಲೋ?"

"ಅದರಿ."

"ಮತ್ತ ಬರಕೋರಿ."

ಬರಕೊಂಡೆ. ಆ ಗಟಾರ ಇವತ್ತಿಗೂ ಎರಡೂ ಸಭೆಗಳ ನಡುವ ಹರೀಲಿಕ್ಕತ್ತದ.

ಒಡಪು

ಆವತ್ತ ಬೆಂಚಿನ ಮ್ಯಾಲ ಕೂತು ಇದನ್ನ ಕೇಳಲಿಕ್ಕತ್ತಿದ್ದ ಒಬ್ಬ ಹೆಣ್ಣಮಗಳು, ವ್ಯಾಪಾರಿ ಇಳದು ಹೋದ ಮ್ಯಾಲೆ ಎದ್ದು ಬಂದರು. ತೊರಗಲ್ಲಿನವರು. ರಾಮದುರ್ಗದಾಗೊಮ್ಮೆ, ಸವದತ್ತಿಯೊಳಗೊಮ್ಮೆ ಬಸ್ ಬದಲಿ ಮಾಡಿ ಬಂದಿದ್ದರು. ಗಂಡ ಗಲ್ಫ್ ಕಡೆ ಲಾರಿ ಹೊಡೀಲಿಕ್ಕೆ ಹೋದವರು, ನಾಕು ವರ್ಷದಿಂದ ಫೋನಿಲ್ಲ, ಸುದ್ದಿ ಇಲ್ಲ. ಬದುಕಿದ್ದಾರೋ ಇಲ್ಲೋ, ಅದೊಂದ ತಿಳಿಸಿ ಕೊಡ್ರಿ ಅಂದರು.

"ಕುಂಕುಮ ಹಚಗೊಳ್ಳೂದೋ ಬ್ಯಾಡೋ ಅಂತ ದಿನಾ ಕನ್ನಡಿ ಮುಂದ ನಿಂದರತೇನ್ರಿ, ಆಚಾರ್ರ. ಕಡೀಕ ಹಚಗೊಂಡ ಬಿಡತೇನಿ."

ಅರ್ಜಿ ಬರೀಲಿಕ್ಕೆ ಗಂಡನ ಹೆಸರು ಕೇಳಿದೆ. "ನಮ್ಮ ಮನಿಯವರು" ಅಂದರು. "ಮನಿಯವರ ಹೆಸರು ಬೇಕರಿ, ಅಕ್ಕಾರ." ಬರೇ ಬಾಯಿಲೆ ಗಂಡನ ಹೆಸರು ಹೇಳೂ ಪೈಕಿ ಅಲ್ಲ ಅವರು. ಸೆರಗು ಸರಿ ಮಾಡ್ಕೊಂಡು, ಮದುವಿಯೊಳಗ ಹೇಳತಾರಲ್ಲ, ಹಂಗ ನಾಕು ಸಾಲಿನ ಒಡಪು ಹಾಕಿ ಕಡೀಕ ಹೆಸರು ಹೇಳಿದರು. ಮಾಳಿಗಿ ಮ್ಯಾಲಿನ ಮಂದಿಯೆಲ್ಲಾ ನಕ್ಕರು. ಅವರೂ ನಕ್ಕರು, ಆಮ್ಯಾಲೆ ಅತ್ತರು. ನಾ ಆ ನಾಕು ಸಾಲನ್ನ ಇಂಗ್ಲಿಷ್‌ಗೆ ಮಾಡಿದೆ. ಉಳದದ್ದು ಒಂದ ಶಬ್ದ, ಗಂಡನ ಹೆಸರು.

ಶೂನ್ಯ ವೇಳೆ

ಸಾಹೇಬರು ಅರ್ಜಿ ನೋಡಿ, ಶೂನ್ಯ ವೇಳೆಯೊಳಗ ಎತ್ತತೇನಿ ಅಂದರು. ತುರ್ತಿನ ಮಾತು ಹೇಳಲಿಕ್ಕೆ ಸದನದಾಗ ಇಟ್ಟ ಹೊತ್ತಿಗೆ ಆ ಹೆಸರು. ದೇಗಾಂವದಾಗ ಪಂಚಾಂಗ ಹೇಳೂ ನಮ್ಮ ಕಾಕಾ ಇದನ್ನ ಕೇಳಿ ಸಿಟ್ಟಿಗೆದ್ದರು.

"ಶೂನ್ಯ ಮಾಸದಾಗ ಮದುವಿ ಮಾತ ತಗಿಯೂದಿಲ್ಲ, ಗೊತ್ತದಿಲ್ಲೋ? ಆಕಿ ಮುತ್ತೈದಿತನದ ಮಾತು ಶೂನ್ಯ ವೇಳೆಯೊಳಗ ಎತ್ತತೀರೇನು? ಬ್ಯಾರೆ ಮುಹೂರ್ತ ನೋಡ್ರಿ."

"ಕಾಕಾ, ಸ್ಪೀಕರ್‌ಗೆ ಪಂಚಾಂಗ ತೋರಸಲಿಕ್ಕೆ ಬರೂದಿಲ್ಲ."

ಆ ದಿನ ಟಿ.ವಿ. ಮುಂದ ಕೂತೆ. ಸಾಹೇಬರು ಎದ್ದು ನಿಂತು "ಮಾನ್ಯ ಅಧ್ಯಕ್ಷರೇ" ಅಂದರು. ಅಷ್ಟರಾಗ ಗದ್ದಲ ಎದ್ದಿತು, ಸದನ ಮುಂದಕ್ಕ ಹಾಕಿದರು. ಅಕ್ಕಾರ ಫೋನ್ ಬಂತು. "ನಮ್ಮ ಮನಿಯವರ ಹೆಸರು ಹೇಳಿದರೇನ್ರಿ?" ಗದ್ದಲದಾಗ ಆಗಲಿಲ್ಲರಿ ಅಂದೆ. ಹಿಂದಿಂದ ಕಾಕಾನ ಫೋನು. "ಎಷ್ಟ ಮಾತಾಡಿದರೋ?"

"ಶೂನ್ಯ" ಅಂದೆ.

ಚುಕ್ಕಿ

ಆಮ್ಯಾಲೆ ಸಾಹೇಬರು ಪ್ರಶ್ನೆ ಬರದು ಕೊಟ್ಟರು. ಚುಕ್ಕಿ ಗುರುತಿನ ಪ್ರಶ್ನೆ ಆದರ ಮಂತ್ರಿ ಎದ್ದು ನಿಂತು ಬಾಯಿಲೆ ಉತ್ತರ ಹೇಳಬೇಕು. ಚುಕ್ಕಿ ಇಲ್ಲದ್ದಕ್ಕ ಕಾಗದದಾಗ ಬರದು ಕೊಟ್ಟರ ಆತು. ಚೀಟಿ ಎತ್ತಿದಾಗ ನಮ್ಮ ಪಾಲಿಗೆ ಬಂದದ್ದು ಚುಕ್ಕಿ ಇಲ್ಲದ್ದು. ಅಕ್ಕಾರಿಗೆ ತಿಳಿಸಿ ಹೇಳಿದೆ.

"ಎದ್ದು ನಿಂದರಬೇಕಂದ್ರ ಎಷ್ಟ ಚುಕ್ಕಿ ಬೇಕ್ರಿ?"

"ಒಂದ."

"ಒಂದ? ಅವರು ಬರತಾರಂತ ದಿನಾ ಬಾಗಲದಾಗ ಹದಿನೈದ ಚುಕ್ಕಿ ರಂಗೋಲಿ ಹಾಕತೇನ್ರಿ. ಅದರಾಗಿಂದು ಒಂದ ದಿಲ್ಲಿಗೆ ಕಳಸಾಕ ಬರತೈತೇನ್ರಿ?"

ಮನಿ

ಉತ್ತರ ಬಂತು. ಎರಡ ಸಾಲು. ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮೇಜಿನ ಮೇಲೆ ಇಡಲಾಗುವುದು ಅಂತ. ಸದನಕ್ಕ ದಿಲ್ಲಿಯವರು ಇಂಗ್ಲಿಷ್‌ನಾಗ 'ಹೌಸ್' ಅಂತಾರ. ಆವತ್ತ ಕಚೇರಿ ತುಂಬ ಮಂದಿ, ಅಕ್ಕಾರು ಫೋನಿನಾಗ. ಸದನ ಅಂದ್ರ ಅವರಿಗೆ ತಿಳೀಲಿಕ್ಕಿಲ್ಲ ಅಂತ ನಾ ಶಾಣ್ಯಾತನ ಮಾಡಿ, "ಸುದ್ದಿ ತಗದು ಮನಿಯ ಟೇಬಲ್ ಮ್ಯಾಲ ಇಡತಾರಂತರಿ" ಅಂದೆ. "ಭಾಳ ಉಪಕಾರ ಆತ್ರಿ, ಆಚಾರ್ರ" ಅಂದರು. ಇಷ್ಟಕ್ಕ ಉಪಕಾರ ಯಾಕ ಅಂತ ನಾ ವಿಚಾರನ ಮಾಡಲಿಲ್ಲ.

ನಾಕೈದು ತಿಂಗಳಾದ ಮ್ಯಾಲೆ ಬ್ಯಾರೆ ಕೆಲಸಕ್ಕ ತೊರಗಲ್ಲಿಗೆ ಹೋದಾಂವ ಅವರ ಮನಿಗೂ ಹೋದೆ. ಬಾಗಲದಾಗ ರಂಗೋಲಿ ಇತ್ತು, ಹಣಿಮ್ಯಾಲ ಕುಂಕುಮ ಇತ್ತು. ಪಡಸಾಲ್ಯಾಗ ಒಂದ ಹೊಸಾ ಟೇಬಲ್. ಅದರ ಮ್ಯಾಲ ಒಂದ ಕಡ್ಡಿ ಸುದ್ದಾ ಇಲ್ಲ. ಚಾ ಕೊಟ್ಟರು. ಒಂದ ಗುಟುಕು ಕುಡದು ಕಪ್ಪು ಟೇಬಲ್ ಮ್ಯಾಲ ಇಟ್ಟೆ. ಅವರು ಲಗೂನ ಎತ್ತಿ ತಿರುಗಿ ನನ್ನ ಕೈಯಾಗ ಕೊಟ್ಟರು.

"ಅದರ ಮ್ಯಾಲ ಬ್ಯಾಡ್ರಿ. ಸರಕಾರದವರು ಬಂದು ಇಡೂ ಜಾಗಾ ಅದು."

"ಏನ ಇಡೂದರಿ?"

"ನೀವ ಹೇಳಿದ್ರೆಲ್ರಿ, ಮನಿಯ ಟೇಬಲ್ ಮ್ಯಾಲ ಸುದ್ದಿ ಇಡತಾರಂತ. ನಮ್ಮನ್ಯಾಗ ಟೇಬಲ್ ಎಲ್ಲಿತ್ರಿ? ಅದ ವಾರ ರಾಮದುರ್ಗದಿಂದ ತರಿಸಿದೆ. ಟೇಬಲ್ ಇಲ್ಲಂತ ಹೊಳ್ಳಿ ಹೋಗಬಾರದಲ್ರಿ ಅವರು."

ನನಗ ಮೊದಲ ನಗು ಬಂತು, ಸುಳ್ಳ ಯಾಕ ಹೇಳಲಿ. ನಾ ನಕ್ಕದ್ದು ನೋಡಿ ಅವರೂ ನಕ್ಕು, "ಸಣ್ಣದಾತೇನ್ರಿ?" ಅಂತ ಕೇಳಿದರು.

"ಅಕ್ಕಾರ, ತಪ್ಪ ನಂದು. ಮನಿ ಅಂದ್ರ ನಿಮ್ಮ ಮನಿ ಅಲ್ಲರಿ. ಪಾರ್ಲಿಮೆಂಟಿಗೆ ಅವರು ಹಂಗ ಅಂತಾರ. ಅಲ್ಲಿಯ ಟೇಬಲ್ ಮ್ಯಾಲ ಇಡತಾರ."

ಅವರು ಸೆರಗಿನ ತುದಿಲೆ ಟೇಬಲ್ ಒರಸಿದರು.

"ಅಲ್ಲೆರೆ ಇಟ್ಟಾರೇನ್ರಿ?"

"ಇನ್ನೂ ಇಲ್ಲರಿ."

"ಹಂಗಾರ ಅವರ ಟೇಬಲ್ಲೂ ಖಾಲೀನ ಐತಿ ಅನ್ರಿ" ಅಂದು ನಕ್ಕರು. "ಚಾ ಕುಡೀರಿ, ಆರತೈತಿ."

ಕುಡದೆ. ಖಾಲಿ ಕಪ್ಪು ಎಲ್ಲಿ ಇಡಲಿ ಅಂತ ನೋಡಿದೆ. ಅವರು ಕೈ ಚಾಚಿ ಇಸಗೊಂಡರು, ಟೇಬಲ್ ಮ್ಯಾಲ ಮಾತ್ರ ಇಡಗೊಡಲಿಲ್ಲ.