ಇಪ್ಪತ್ತಾರು ಕಂಪ್ಯೂಟರಿನ ಸುಮಿತ್ರಮ್ಮ

ಬೆಳಿಗ್ಗೆ ಹತ್ತು ಗಂಟೆಗೆ ಬಂದ ಒಂದು ಫೋನ್ ಕರೆಯಲ್ಲಿ ಮಹದೇವಪ್ರಸಾದ್ "ಇದೆ ಮೇಡಂ" ಎಂದುಬಿಟ್ಟ. ಇರಲಿಲ್ಲ. ಆ ದಿನದ ತಾಪತ್ರಯವೆಲ್ಲ ಶುರುವಾದದ್ದು ಅಲ್ಲಿಂದಲೇ.

ಫೋನ್ ಮಾಡಿದವರು ಸಿದ್ಧಾರ್ಥನಗರದ ಒಂದು ಮಹಿಳಾ ಕಂಪ್ಯೂಟರ್ ತರಬೇತಿ ಕೇಂದ್ರದ ಪ್ರಿನ್ಸಿಪಾಲ್ ಚೂಡಾಮಣಿ. ಅವರಲ್ಲಿ ಇಪ್ಪತ್ನಾಲ್ಕು ಕಂಪ್ಯೂಟರುಗಳಿದ್ದವು. ಅವನ್ನು ವರ್ಷಪೂರ್ತಿ ನೋಡಿಕೊಳ್ಳುವ ಕಾಂಟ್ರಾಕ್ಟನ್ನು ಪ್ರಸಾದನಿಗೆ ಕೊಡಬೇಕೋ ಬೇಡವೋ ಎಂದು ಒಂದು ತಿಂಗಳಿಂದ ತೂಗಿ ನೋಡುತ್ತಿದ್ದರು. "ನಿಮ್ಮ ಗಿರಾಕಿಗಳ ಪಟ್ಟಿ, ಯಾವ ಕಂಪ್ಯೂಟರ್ ಯಾವತ್ತು ಬಂತು, ಏನು ಕಾಯಿಲೆ, ಯಾವತ್ತು ವಾಪಸ್ ಕೊಟ್ರಿ, ಎಲ್ಲಾ ಸಾಫ್ಟ್‌ವೇರ್‌ನಲ್ಲಿ ಇದೆ ತಾನೇ?" ಎಂದು ಕೇಳಿದರು. ಇದೆ ಎಂದ. "ಹಾಗಾದ್ರೆ ಸಂಜೆ ಐದಕ್ಕೆ ಪ್ರಿಂಟ್ ತಗೊಂಡು ಬನ್ನಿ. ಇವತ್ತೇ ತೀರ್ಮಾನ ಮಾಡ್ಬಿಡ್ತೀನಿ" ಎಂದು ಇಟ್ಟುಬಿಟ್ಟರು.

ಸಾಫ್ಟ್‌ವೇರ್ ಎಲ್ಲಿಂದ ಬರಬೇಕು? ಇದು ತೊಂಬತ್ತೆಂಟನೇ ಇಸವಿಯ ಮಾತು. ವಿದ್ಯಾರಣ್ಯಪುರಂನಲ್ಲಿ ತನ್ನ ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡಿದ್ದ ಪ್ರಸಾದನ ಬಳಿ ಇದ್ದದ್ದು ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಅದರ ಮೊದಲ ಹತ್ತು ಪುಟಗಳಲ್ಲಿ ಮಗಳು ಮಗ್ಗಿ ಬರೆದಿದ್ದಳು. ಊರವರ ಕಂಪ್ಯೂಟರಿಗೆಲ್ಲ ಮದ್ದು ಮಾಡುವ ಮನುಷ್ಯ ತನ್ನ ಗಿರಾಕಿಗಳ ಹೆಸರನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದ. ನಾಚಿಕೆಯಾಗಬೇಕು, ಆಗುತ್ತಲೂ ಇತ್ತು.

ಈ ಕಾಂಟ್ರಾಕ್ಟು ಕೈತಪ್ಪಿದರೆ ಅಂಗಡಿ ಮುಚ್ಚುವುದೇ ಸೈ. ಅವನ ಮಾವ ಸಿದ್ದಲಿಂಗಸ್ವಾಮಿಯವರಿಗೆ ಸಂತೇಪೇಟೆಯಲ್ಲಿ ಪಾತ್ರೆ ಅಂಗಡಿಯಿತ್ತು. "ಈ ತಿಂಗಳು ನೋಡ್ತೀನಿ ಅಳಿಯಂದ್ರೇ. ಆಗ್ಲಿಲ್ವಾ, ಸುಮ್ನೆ ಬಂದು ನಮ್ಮಂಗಡೀಲಿ ಕೂತ್ಕೊಳಿ" ಎಂದು ಗಡುವು ಕೊಟ್ಟಿದ್ದರು. ಪ್ರಸಾದನಿಗೆ ಪಾತ್ರೆಗಳ ಮೇಲೆ ದ್ವೇಷವೇನೂ ಇರಲಿಲ್ಲ. ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡುವುದು ಮಾತ್ರ ಅವನಿಗಾಗದು. ಹಿಂದೆ ಎರಡು ಕಡೆ ಕೆಲಸ ಬಿಟ್ಟು ಬಂದದ್ದೂ ಅದಕ್ಕೇ. ತನಗೆ ತಾನೇ ಯಜಮಾನನಾಗಿರಬೇಕು, ಯಾಕಪ್ಪಾ ತಡ ಎಂದು ಕೇಳುವವರು ಇರಬಾರದು. ಅವನ ಜೀವನದ ಆಸೆ ಇಷ್ಟೇ.

ಎದುರಿಗಿನ ಜೆರಾಕ್ಸ್ ಅಂಗಡಿಯ ಅಶ್ವತ್ಥನಿಗೆ ರಸ್ತೆಯ ಈಚೆ ಯಾರಾದರೂ ನಿಟ್ಟುಸಿರು ಬಿಟ್ಟರೂ ಕೇಳಿಸುತ್ತಿತ್ತು. ಮಷೀನು ಬಿಟ್ಟು ಬಂದೇಬಿಟ್ಟ.

"ಸಾಫ್ಟ್‌ವೇರ್ ತಾನೇ? ಅದಕ್ಯಾಕ್ರೀ ತಲೆ ಮೇಲೆ ಕೈ? ನಮ್ಮ ಭಾವಮೈದ ಬರ್ದಿರೋದು ಒಂದಿದೆ. ಗಿರಾಕಿ ಯಾವತ್ತು ಬಂದ, ಯಾವತ್ತು ಹೋದ, ಎಲ್ಲಾ ಕರಾರುವಾಕ್ಕು."

ಹತ್ತು ನಿಮಿಷದಲ್ಲಿ ಎರಡು ಫ್ಲಾಪಿ ಬಂದವು. ಪ್ರಸಾದ ಅವನ್ನು ಹಾಕಿ, ಮೊದಲ ಗಿರಾಕಿಯಾದ ಟೈಪಿಂಗ್ ಶಾಲೆ ಹುಚ್ಚಣ್ಣನ ಹೆಸರು ಒತ್ತಿದ. ರೂಮ್ ನಂಬರ್ ಎಷ್ಟು ಎಂದು ಕೇಳಿತು.

"ಏನ್ರೀ ಇದು ಅಶ್ವತ್ಥ?"

"ಲಾಡ್ಜಿಗೆ ಅಂತ ಬರ್ದಿದ್ದು ಕಣ್ರೀ. ಏನೀಗ? ನಿಮ್ಮ ಶೆಲ್ಫಿಗೆ ನಂಬರ್ ಹಾಕ್ಕೊಂಡ್ಬುಡಿ. ಮೇಲಿನ ಹಲಗೆ ಡಬಲ್ ರೂಮು, ಕೆಳಗಿನದು ಸಿಂಗಲ್ಲು."

ಸಮಯವಿರಲಿಲ್ಲ. ಪ್ರಸಾದ ಹಲ್ಲು ಕಚ್ಚಿಕೊಂಡು ಹುಚ್ಚಣ್ಣನ ಕಂಪ್ಯೂಟರಿಗೆ ಏಳನೇ ನಂಬರಿನ ರೂಮು ಕೊಟ್ಟ. ಯಾವ ಊರಿಂದ ಬಂದದ್ದು ಎಂದು ಕೇಳಿತು, ಬರೆದ. ಜೊತೆಯಲ್ಲಿ ಎಷ್ಟು ಜನ ಎಂದಿತು, ಕೀಬೋರ್ಡು ಮೌಸು ಸೇರಿಸಿ ಇಬ್ಬರು ಎಂದ. ಗಂಡ ಹೆಂಡತಿಯೇ ಎಂದು ಕೇಳಿತು. ಅದಕ್ಕೆ ಉತ್ತರ ಕೊಡದ ಹೊರತು ಮುಂದಕ್ಕೆ ಹೋಗುವುದೇ ಇಲ್ಲ ಎಂದು ಕೂತುಬಿಟ್ಟಿತು. ಪ್ರಸಾದ ಫ್ಲಾಪಿಗಳನ್ನು ಕಿತ್ತು ಅಶ್ವತ್ಥನ ಕೈಗೆ ಕೊಟ್ಟ.

ಅಷ್ಟರಲ್ಲಿ ನಿವೃತ್ತ ಹೆಡ್ ಕ್ಲಾರ್ಕ್ ಗುರುಮಲ್ಲಪ್ಪನವರು, ರಿಪೇರಿಗೆ ಕೊಟ್ಟು ಎರಡು ವಾರವಾದ ತಮ್ಮ ಕಂಪ್ಯೂಟರು ಇನ್ನೂ ಯಾಕೆ ಬಿಚ್ಚಿಕೊಂಡೇ ಬಿದ್ದಿದೆ ಎಂದು ಕೇಳಲು ಬಂದರು. ಬಂದವರು ಬಂದ ಕೆಲಸ ಮರೆತರು. ಇನ್ನೊಬ್ಬರ ಕಷ್ಟದಲ್ಲಿ ಕೈಹಾಕುವುದೆಂದರೆ ಅವರಿಗೆ ಅಷ್ಟು ಖುಷಿ.

"ಮೊದ್ಲೇ ನನ್ನ ಕೇಳ್ಬಾರ್ದಾ ಪ್ರಸಾದಪ್ಪ? ನನ್ನ ಅಳಿಯನ ನರ್ಸಿಂಗ್ ಹೋಮಲ್ಲಿ ಒಂದು ಸಾಫ್ಟ್‌ವೇರ್ ಇದೆ. ನೀನು ಮಾಡೋದೂ ಒಂಥರಾ ಆಸ್ಪತ್ರೆ ಕೆಲ್ಸಾನೇ ಅಲ್ವಾ? ಕಾಯಿಲೆ ಬಂದವು ಬರ್ತವೆ, ವಾಸಿಯಾದವು ಹೋಗ್ತವೆ."

ಆ ಮಾತಿನಲ್ಲಿ ನ್ಯಾಯವಿದೆ ಎಂದು ಪ್ರಸಾದನಿಗೆ ಅನ್ನಿಸಿದ್ದು ಅವನ ಗ್ರಹಚಾರ. ಗುರುಮಲ್ಲಪ್ಪನವರು ಆಟೋದಲ್ಲಿ ಹೋಗಿ ಫ್ಲಾಪಿ ತರುವ ಹೊತ್ತಿಗೆ ಒಂದು ಗಂಟೆಯಾಗಿತ್ತು. ಈ ಸಾಫ್ಟ್‌ವೇರು ರೂಮಿನ ಗೋಜಿಗೆ ಹೋಗಲಿಲ್ಲ, ವಯಸ್ಸು ಮತ್ತು ಬ್ಲಡ್ ಗ್ರೂಪ್ ಕೇಳಿತು. ಬಾಯಿಗೆ ಬಂದದ್ದನ್ನು ತುಂಬಿಸಿ ಒಂದು ಹಾಳೆ ಪ್ರಿಂಟಿಗೆ ಕೊಟ್ಟರೆ, ಪಂಕಜಾ ಟೀಚರ್ ಮನೆಯ ಕಂಪ್ಯೂಟರನ್ನು ಅದು ಹೆರಿಗೆ ವಾರ್ಡಿಗೆ ಸೇರಿಸಿತ್ತು. ಎರಡನೆಯ ಹಾಳೆ ಪ್ರಿಂಟರಿನೊಳಗೆ ಹೋದದ್ದು ಹೊರಗೆ ಬರಲಿಲ್ಲ. ರಿಬ್ಬನ್ನು ಹಾಳೆಗೆ ಸುತ್ತಿಕೊಂಡು ಕರಕರ ಎಂದು ನಿಂತಿತು.

"ನಮ್ಮ ಅಳಿಯನ ಹತ್ರ ಯಾವತ್ತೂ ಹಿಂಗಾಗಿಲ್ಲಪ್ಪ. ನಿನ್ನ ಪ್ರಿಂಟರೇ ಸರಿಯಿಲ್ಲ" ಎಂದು ಗುರುಮಲ್ಲಪ್ಪನವರು ಊಟಕ್ಕೆ ಎದ್ದರು.

ಪ್ರಸಾದನ ಹೆಂಡತಿ ಸರ್ವಮಂಗಳಾ ಒಳಗಿನಿಂದ ಎಲ್ಲವನ್ನೂ ನೋಡುತ್ತಿದ್ದಳು. ಹೋದ ವಾರ ಬಂದಿದ್ದ ಸಾಫ್ಟ್‌ವೇರ್ ಸೇಲ್ಸ್‌ಮನ್ನೊಬ್ಬ ಕೊಟ್ಟು ಹೋಗಿದ್ದ ಕಾರ್ಡನ್ನು ಸಾಸಿವೆ ಡಬ್ಬದ ಹಿಂದಿನಿಂದ ತೆಗೆದು, ಗಂಡನನ್ನು ಕೇಳದೆ ತಾನೇ ಫೋನ್ ಮಾಡಿದಳು. ಎರಡೂವರೆಗೆ ವಾಗೀಶ ಎಂಬ ಆ ಯುವಕ ಟೈ ಕಟ್ಟಿಕೊಂಡು, ಬೆವರುತ್ತ, ಒಂದು ಸಿ.ಡಿ. ಹಿಡಿದು ಬಂದ. ಗಿರಾಕಿಗಳನ್ನು ನಿಭಾಯಿಸುವುದಕ್ಕೆಂದೇ ತಯಾರಾದ ಸಾಫ್ಟ್‌ವೇರ್ ಎಂದೂ, ಹೊರದೇಶದ ದೊಡ್ಡ ದೊಡ್ಡ ಕಂಪನಿಗಳು ಇದನ್ನೇ ಬಳಸುತ್ತವೆ ಎಂದೂ, ಅದರಲ್ಲಿ ಮೂವತ್ತೆರಡು ಸೌಲಭ್ಯಗಳಿವೆಯೆಂದೂ ಬಾಯಿಪಾಠ ಒಪ್ಪಿಸತೊಡಗಿದ.

ಪ್ರಸಾದ ಅವನನ್ನು ತಡೆದ. "ರೂಮ್ ನಂಬರ್ ಕೇಳುತ್ತಾ?"

"ಇಲ್ಲ ಸರ್."

"ಬ್ಲಡ್ ಗ್ರೂಪು?"

"ಅದ್ಯಾಕೆ ಸರ್ ಕೇಳುತ್ತೆ?"

"ಹಾಕ್ರೀ ಹಾಗಾದ್ರೆ."

ಸಾಫ್ಟ್‌ವೇರಿನ ಆಯ್ಕೆ ಹೀಗೆ ಮುಗಿಯಿತು. ವಾಗೀಶ ಕಂಪ್ಯೂಟರಿನ ಮುಂದೆ ಕೂತ, ಸರ್ವಮಂಗಳಾ ನೋಟ್‌ಬುಕ್ ಹಿಡಿದು ಓದಿ ಹೇಳಲು ನಿಂತಳು, ಪ್ರಸಾದ ಮೇಜಿನ ಕೆಳಗೆ ಪ್ರಿಂಟರ್ ಬಿಚ್ಚಿಕೊಂಡು ಕೂತ.

"ಮೇಡಂ, ಇದ್ರಲ್ಲಿ ಫೋನ್ ನಂಬರೇ ಮುಖ್ಯ. ಒಂದು ನಂಬರಿಗೆ ಒಬ್ಬ ಗಿರಾಕಿ" ಎಂದ ವಾಗೀಶ.

ಇಲ್ಲಿ ಒಂದು ವಿಷಯ ಹೇಳಬೇಕು. ಫೋನ್ ಇದ್ದ ಅನುಕೂಲಸ್ಥರು ಕಂಪನಿಯ ಎಂಜಿನಿಯರನ್ನೇ ಮನೆಗೆ ಕರೆಸಿಕೊಳ್ಳುತ್ತಿದ್ದರು. ಪ್ರಸಾದನ ಬಳಿ ಬರುತ್ತಿದ್ದವರು ಅಕ್ಕಪಕ್ಕದ ನಾಲ್ಕು ಬೀದಿಯವರು, ಫೋನಿಗೆ ಅರ್ಜಿ ಹಾಕಿ ಕಾಯುತ್ತಿದ್ದವರು. ಆ ಕಾಲದಲ್ಲಿ ಕಂಪ್ಯೂಟರು ಮೂರು ದಿನಕ್ಕೆ ಮನೆಗೆ ಬರುತ್ತಿತ್ತು, ಫೋನು ಮೂರು ವರ್ಷವಾದರೂ ಬರುತ್ತಿರಲಿಲ್ಲ. ಅವರೆಲ್ಲ ಬರೆಸುತ್ತಿದ್ದದ್ದು ಒಂದೇ ನಂಬರು, ಪಕ್ಕದಲ್ಲಿ ಪಿ.ಪಿ. ಎಂಬ ಎರಡಕ್ಷರ. ಫೋನು ನಮ್ಮದಲ್ಲ, ಆದರೆ ಆ ಮನೆಯವರು ನಮ್ಮನ್ನು ಕರೆದುಕೊಡುತ್ತಾರೆ ಎಂದು ಅದರ ಅರ್ಥ. ಆ ಫೋನು ಹಿಂದಿನ ಕ್ರಾಸಿನ ಸುಮಿತ್ರಮ್ಮನದು. ಅವರ ಯಜಮಾನರು ಟೆಲಿಫೋನ್ ಇಲಾಖೆಯಲ್ಲಿದ್ದರು. ಕಂಪ್ಯೂಟರು ರೆಡಿಯಾದರೆ ಪ್ರಸಾದ ಸುಮಿತ್ರಮ್ಮನಿಗೆ ಹೇಳುತ್ತಿದ್ದ, ಆಗದಿದ್ದರೆ ಇನ್ನೆರಡು ದಿನ ಎಂದೂ ಅವರಿಗೇ ಹೇಳುತ್ತಿದ್ದ. ಗಿರಾಕಿಗಳು ಅವನನ್ನು ಬೈಯುತ್ತಿದ್ದದ್ದೂ ಅವರ ಫೋನಿನಿಂದಲೇ.

"ಮೊದಲನೇದು ಹುಚ್ಚಣ್ಣಂದು" ಎಂದು ಸರ್ವಮಂಗಳಾ ನಂಬರು ಹೇಳಿದಳು.

"ಈ ನಂಬರ್ ಯಾರ ಹೆಸರಲ್ಲಿದೆ ಮೇಡಂ?"

"ಸುಮಿತ್ರಮ್ಮನ ಹೆಸರಲ್ಲಿ."

"ಹಾಗಾದ್ರೆ ಗಿರಾಕಿ ಅವರೇ ಆಗ್ತಾರೆ" ಎಂದು ವಾಗೀಶ ಟೈಪು ಮಾಡಿದ.

ಎರಡನೆಯದು ಪಂಕಜಾ ಟೀಚರದು. ಅದೇ ನಂಬರು ಒತ್ತಿದ ಕೂಡಲೇ ಕಂಪ್ಯೂಟರು ಟಿಣ್ ಎಂದಿತು.

"ಸರ್, ಈ ಗಿರಾಕಿ ಆಗ್ಲೇ ಇದ್ದಾರಂತೆ. ಈ ಕಂಪ್ಯೂಟರನ್ನೂ ಅವರಿಗೇ ಸೇರಿಸ್ಲಾ ಅಂತ ಕೇಳ್ತಿದೆ."

ಪ್ರಸಾದನ ಮೊಣಕೈವರೆಗೆ ರಿಬ್ಬನ್ನಿನ ಮಸಿ ಹತ್ತಿತ್ತು. ಬೆಳಗಿನಿಂದ ಕೇಳಿಸಿಕೊಂಡ ಪ್ರಶ್ನೆಗಳೇ ಸಾಕಾಗಿತ್ತು. "ಹೂಂ ಅನ್ರೀ" ಎಂದ.

"ಪ್ರತಿ ಸಲಾನೂ ಕೇಳುತ್ತೆ ಸರ್."

"ಪ್ರತಿ ಸಲಾನೂ ಹೂಂ ಅನ್ರೀ. ಅದು ಕೇಳ್ತಾ ಇರ್ಲಿ, ನೀವು ಹೂಂ ಅಂತಾ ಇರಿ. ಆಗ್ಲೇ ಮೂರೂವರೆ ಆಯ್ತು."

ವಾಗೀಶ ಇಪ್ಪತ್ತೈದು ಸಲ ಹೂಂ ಅಂದ. ಸರ್ವಮಂಗಳೆಗೆ ಮಧ್ಯದಲ್ಲೊಮ್ಮೆ ಅನುಮಾನ ಬಂದು "ರೀ, ಒಂದ್ನಿಮಿಷ ಇಲ್ನೋಡ್ರೀ" ಎಂದಳು. ನೀನೊಬ್ಬಳು ಬಾಕಿಯಿದ್ದೆ ಎಂದು ಮೇಜಿನ ಕೆಳಗಿನಿಂದ ಬೈಗುಳ ಬಂತು. ಅವಳು ಮುಂದಿನ ಹೆಸರು ಓದಿದಳು.

ನಾಲ್ಕೂವರೆಗೆ ಪ್ರಿಂಟರು ಸರಿಹೋಯಿತು. ವಾಗೀಶ ಹಾಳೆಗಳನ್ನು ನೀಲಿ ಫೈಲಿನಲ್ಲಿ ನೀಟಾಗಿ ಜೋಡಿಸಿ ಕೊಟ್ಟ. ಪ್ರಸಾದ ಮಸಿ ತೊಳೆದು, ಅದು ಹೋಗದೆ, ಉದ್ದ ತೋಳಿನ ಶರಟು ಹಾಕಿಕೊಂಡು ಸ್ಕೂಟರ್ ಹತ್ತಿದ. ಫೈಲು ತೆರೆದು ನೋಡಲು ಪುರುಸೊತ್ತೆಲ್ಲಿ?

ಚೂಡಾಮಣಿ ಮೇಡಂ ಕನ್ನಡಕ ಏರಿಸಿ ಮೊದಲ ಹಾಳೆಯನ್ನು ಗಟ್ಟಿಯಾಗಿ ಓದಿದರು. "ಒಟ್ಟು ಗಿರಾಕಿಗಳು, ಒಂದು. ಹೆಸರು, ಸುಮಿತ್ರಮ್ಮ. ಕಂಪ್ಯೂಟರುಗಳು, ಇಪ್ಪತ್ತಾರು."

ಏನಾಗಿದೆಯೆಂದು ಪ್ರಸಾದನಿಗೆ ತಕ್ಷಣ ಅರ್ಥವಾಯಿತು. ಸಾಫ್ಟ್‌ವೇರ್ ಹಾಕಿದ್ದೇ ಇವತ್ತು ಮಧ್ಯಾಹ್ನ, ಅದೂ ಕೆಟ್ಟಿದೆ ಎಂದರೆ ಈಗಲೇ ಬಾಗಿಲು ತೋರಿಸುತ್ತಾರೆ. ಮಾವನ ಮುಖ ಅವನ ಕಣ್ಣಿಗೆ ಕಟ್ಟಿತು.

"ಹೌದು ಮೇಡಂ. ದೊಡ್ಡ ಗಿರಾಕಿ" ಎಂದ.

"ನಮಗಿಂತ ಎರಡು ಜಾಸ್ತಿನೇ ಇದೆಯಲ್ರೀ. ಎಲ್ಲಾ ನಿಮಗೇ ಕೊಟ್ಟಿದ್ದಾರಾ?"

"ಎಲ್ಲಾ ನನಗೇ. ಬೇರೆಯವರ ಕೈ ಮುಟ್ಟೋಕೂ ಬಿಡಲ್ಲ" ಎಂದ ಪ್ರಸಾದ. ಸುಳ್ಳು ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. "ತುಂಬಾ ಶಿಸ್ತಿನ ಹೆಂಗಸು ಮೇಡಂ. ಅಂಥವರು ಈ ಊರಲ್ಲೇ ಇಲ್ಲ."

"ನಂಬರ್ ಇಲ್ಲೇ ಇದೆಯಲ್ಲ, ಒಂದು ಮಾತು ಕೇಳ್ಬಿಡೋಣ" ಎಂದು ಮೇಡಂ ಫೋನ್ ಎತ್ತಿದರು.

ಆಚೆ ಸುಮಿತ್ರಮ್ಮ ಎತ್ತಿದರು. ಪ್ರಸಾದನಿಗೆ ಕೇಳಿಸುತ್ತಿದ್ದದ್ದು ಮೇಡಂ ಮಾತು ಮಾತ್ರ. "ನಮಸ್ಕಾರ. ಪ್ರಸಾದ್ ಹತ್ರ ಕೊಟ್ಟಿರೋ ಕಂಪ್ಯೂಟರ್ ವಿಷಯ ಕೇಳೋಣ ಅಂತ ಮಾಡ್ದೆ... ಯಾವುದು ಅಂದ್ರೆ? ಎಲ್ಲಾದ್ರದ್ದೂ ಹೇಳಿ... ಹೌದಾ? ಇರುವೆ ಗೂಡು ಕಟ್ಟಿತ್ತಾ?... ಮೂರು ದಿನ ಅಂದು ಹದಿನೇಳು ದಿನವಾ?... ಇನ್ನೂ ಬಿಚ್ಕೊಂಡೇ ಬಿದ್ದಿದ್ಯಾ?" ಮೇಡಂ ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು. ಪ್ರಸಾದ ತಿರುಗದ ಫ್ಯಾನನ್ನು ನೋಡುತ್ತ ಕೂತ. ನಡುವೆ ಮೇಡಂ ಎರಡು ಸಲ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು, "ನೀವು ಸ್ವಲ್ಪ ಹೊರಗೆ ಕೂತಿರಿ" ಎಂದರು.

ಹೊರಗಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತ. ಸುಮಿತ್ರಮ್ಮ ತಮ್ಮ ಮನೆಯಲ್ಲಿ ಒಂದು ಕಂಪ್ಯೂಟರೂ ಇಲ್ಲ ಎಂದಿರುತ್ತಾರೆ, ಅಲ್ಲಿಗೆ ತನ್ನ ಕತೆ ಮುಗಿಯಿತು ಎಂದುಕೊಂಡ. ಒಳಗೆ ಕರೆದಾಗ ಮೇಡಂ ಮುಖ ಅರಳಿತ್ತು.

"ಎಂಥಾ ಹೆಂಗಸ್ರೀ ಅವರು. ಇಪ್ಪತ್ತಾರು ಕಂಪ್ಯೂಟರಿನ ಜಾತಕ ಬಾಯಲ್ಲೇ ಇದೆ. ನಿಮ್ಮ ಪ್ರಿಂಟಲ್ಲಿ ಎರಡು ತಾರೀಖು ತಪ್ಪಿರೋದನ್ನೂ ಅವರೇ ಹಿಡಿದ್ರು. ನೀವು ಹೇಳಿದ್ದು ಕಮ್ಮಿನೇ ಆಯ್ತು."

"ಹೌದು ಮೇಡಂ" ಎಂದ ಪ್ರಸಾದ.

"ನಿಮ್ಮ ಕೈಕೆಲಸ ಚೆನ್ನಾಗಿದೆಯಂತೆ. ಆದ್ರೆ ಬೆನ್ನು ಹತ್ತಿ ಮಾಡಿಸ್ಕೋಬೇಕು ಅಂದ್ರು. ನಂಗೆ ಬೆನ್ನು ಹತ್ತೋಕೆ ಪುರುಸೊತ್ತಿಲ್ಲ, ಅವರಿಗೆ ಅಭ್ಯಾಸ ಇದೆ. ಅದಕ್ಕೇ ಕಾಂಟ್ರಾಕ್ಟನ್ನ ಅವರಿಗೇ ಕೊಟ್ಟೆ."

"ಯಾರಿಗೆ ಮೇಡಂ?"

"ಸುಮಿತ್ರಮ್ಮನವರಿಗೆ. ರಿಪೇರಿಗೆ ಒಬ್ಬರನ್ನ ಇಟ್ಕೊಂಡು ತಾವೇ ನಿಂತು ಮಾಡಿಸ್ತಾರಂತೆ."

ಪ್ರಸಾದ ಬಾಯಿ ತೆರೆದ. ಆ ಹೆಂಗಸು ಕಂಪ್ಯೂಟರನ್ನು ಮುಟ್ಟಿಯೂ ನೋಡಿಲ್ಲ ಎಂದು ಹೇಳಬೇಕೆಂದಿದ್ದ. ತಾನು ಅರ್ಧ ಗಂಟೆಯ ಹಿಂದೆ ಹೇಳಿದ್ದು ನೆನಪಾಗಿ ಬಾಯಿ ಮುಚ್ಚಿದ.

ಸ್ಕೂಟರನ್ನು ನೇರವಾಗಿ ಸುಮಿತ್ರಮ್ಮನ ಮನೆಗೇ ಬಿಟ್ಟ. ಅವರು ಜಗಲಿಯ ಮೇಲೆ ಕಾಲು ಚಾಚಿ ದಂಟಿನ ಸೊಪ್ಪು ಬಿಡಿಸುತ್ತಿದ್ದರು.

"ಬಂದ್ಯಾ ಪ್ರಸಾದೂ, ಕೂತ್ಕೊ. ಆಯಮ್ಮ ವಿಷಯ ಹೇಳಿದ್ರಾ?"

"ಏನಮ್ಮಾ ಇದು ಅನ್ಯಾಯ? ನಿಮ್ಮನೇಲಿ ಒಂದು ಕಂಪ್ಯೂಟರೂ ಇಲ್ವಲ್ಲ."

"ಎಲ್ಲಿಂದ ಬರ್ಬೇಕಪ್ಪ? ನಾನೂ ಅದನ್ನೇ ಹೇಳೋಳಿದ್ದೆ. ಅಷ್ಟರಲ್ಲಿ ಆಯಮ್ಮ, ಇಪ್ಪತ್ತಾರೂ ನಿಮ್ದೇ ಅಂತ ಪ್ರಸಾದ್ ಹೇಳಿದ್ರು, ನಿಮ್ಮನ್ನ ತುಂಬಾ ಹೊಗಳ್ತಿದ್ರು ಅಂದ್ಬುಟ್ರು. ನಾನು ಇಲ್ಲ ಅಂದ್ರೆ ನೀನು ಸುಳ್ಳುಗಾರ ಆಗ್ತೀಯಲ್ಲ ಅಂತ ಸುಮ್ನಾದೆ. ಬೇಕಾದ್ರೆ ಈಗ್ಲೂ ಹೋಗಿ ನಿಜ ಹೇಳ್ಬಿಟ್ ಬಾ, ನಂದೇನಿಲ್ಲ."

ಪ್ರಸಾದ ಹೋಗುವಂತಿರಲಿಲ್ಲ. ಅದು ಸುಮಿತ್ರಮ್ಮನಿಗೂ ಗೊತ್ತಿತ್ತು.

"ರಿಪೇರಿಗೆ ಯಾರನ್ನೋ ಇಟ್ಕೋತೀರಂತೆ?"

"ಯಾರನ್ನೋ ಯಾಕೆ ಇಟ್ಕೊಳ್ಳಲಿ, ನೀನಿಲ್ವಾ? ನಾಳೆ ಒಂಬತ್ತಕ್ಕೆ ಬಾ. ಒಂಬತ್ತು ಅಂದ್ರೆ ಒಂಬತ್ತೇ. ನಿನ್ನ ಇನ್ನೆರಡು ದಿನ ಅನ್ನೋದೆಲ್ಲ ನನ್ನ ಹತ್ರ ನಡ್ಯಲ್ಲ ಕಣಪ್ಪ, ಇಡೀ ಬೀದಿಗೆ ಅದನ್ನ ಹೇಳಿ ಹೇಳಿ ನನ್ನ ಗಂಟ್ಲು ಬಿದ್ದೋಗಿದೆ." ಬಿಡಿಸಿದ ಸೊಪ್ಪನ್ನು ಮಡಿಲಿನಿಂದ ಮೊರಕ್ಕೆ ಹಾಕಿದರು. "ಹೋಗಿ ಆ ಗುರುಮಲ್ಲಪ್ಪನೋರ್ದು ಇವತ್ತೇ ಮುಗ್ಸು. ಮಧ್ಯಾಹ್ನದಿಂದ ಮೂರು ಸಲ ಬಂದು ಹೋದ್ರು."

"ಆಯ್ತಮ್ಮ" ಎಂದು ಪ್ರಸಾದ ಎದ್ದ.

ಮನೆ ಬಾಗಿಲಲ್ಲಿ ಸರ್ವಮಂಗಳಾ ಕಾಯುತ್ತ ನಿಂತಿದ್ದಳು. ಗಂಡನ ಮುಖ ನೋಡಿ ಕಾಂಟ್ರಾಕ್ಟಿನ ಮಾತೆತ್ತಲು ಧೈರ್ಯ ಬರಲಿಲ್ಲ.

"ರೀ, ಅಪ್ಪ ಫೋನ್ ಮಾಡಿದ್ರು. ಒಂದನೇ ತಾರೀಖಿಂದ ಬರ್ತಾರಾ ಅಂತ ಕೇಳಿದ್ರು. ಏನಂತ ಹೇಳ್ಲಿ?"

"ಬೇರೆ ಕಡೆ ಕೆಲ್ಸ ಸಿಕ್ತು ಅನ್ನು" ಎಂದು ಪ್ರಸಾದ ಒಳಗೆ ಹೋಗಿ ಗುರುಮಲ್ಲಪ್ಪನವರ ಕಂಪ್ಯೂಟರಿನ ಮುಂದೆ ಕೂತ.